ಅರ್ಧಕ್ಕೆ ಬಿಟ್ಟ ಲೆಕ್ಕ

ಆನ್‌ಲೈನ್ ಕ್ಲಾಸಿನಲ್ಲಿ ಮೇಷ್ಟ್ರು ಹೆಸರು ಹಿಡಿದು ಕರೆದಾಗ, ಮನೆಯವರು ಗಡಿಬಿಡಿ ಎಂದು ಕರೆಯುವ ಹುಡುಗಿ ಉಗುರು ಕಚ್ಚುತ್ತಾ ಕೂತಿದ್ದಳು. ಮ್ಯಾನೇಜ್‌ಮೆಂಟ್ ಕಾಲೇಜಿನ ಪ್ರವೇಶ ಪರೀಕ್ಷೆಗೆ ತಯಾರಿ ಮಾಡಿಸುವ ಕ್ಲಾಸು ಅದು. ಮೇಷ್ಟ್ರು ಬಲು ಖುಷಿಯಲ್ಲಿದ್ದರು. ಈ ವಾರದ ಅತಿ ಕಷ್ಟದ ಲೆಕ್ಕವನ್ನು ಇಡೀ ತರಗತಿಯಲ್ಲಿ ಒಬ್ಬರೇ ಬಿಡಿಸಿದ್ದಾರೆ, ಅದು ಇವರೇ, ಹೇಗೆ ಬಿಡಿಸಿದಿರೆಂದು ಎಲ್ಲರಿಗೂ ಸ್ವಲ್ಪ ಹೇಳಿ ಎಂದರು. ಲೆಕ್ಕ ಸ್ಕ್ರೀನಿನ ಮೇಲೆ ಬಂತು. ಒಬ್ಬಳು ಕೆಲಸ ಶುರು ಮಾಡಿ ನಡುವೆ ಎದ್ದು ಹೋಗುತ್ತಾಳೆ, ಇನ್ನೊಬ್ಬಳು ಬಂದು ಮುಗಿಸುತ್ತಾಳೆ. ಮೊದಲನೆಯವಳು ಎದ್ದದ್ದು ಯಾವಾಗ?

ಗಡಿಬಿಡಿ ಅದನ್ನು ಎರಡು ಸಲ ಓದಿದಳು. ಈ ಲೆಕ್ಕವನ್ನು ಅವಳು ಹುಟ್ಟಿದ ಮೇಲೆ ಇವತ್ತೇ ನೋಡುತ್ತಿದ್ದಳು.

ಚೌಕ ಚೌಕದೊಳಗಿನ ಮುಖಗಳೆಲ್ಲ ಕಾಯುತ್ತಿದ್ದವು. ಒಬ್ಬ ಪೆನ್ನು ಹಿಡಿದು ಬರೆದುಕೊಳ್ಳಲು ಸಿದ್ಧನಾಗಿಯೂ ಕೂತ. ಅವಳು ಬಾಯಿ ತೆರೆದಳು, ಮುಚ್ಚಿದಳು. ಮೇಷ್ಟ್ರು ಮತ್ತೊಮ್ಮೆ ಕರೆದರು. ನೆಟ್‌ವರ್ಕ್ ಸರಿಯಿಲ್ಲ, ನಿಮ್ಮ ಮಾತು ಕೇಳಿಸುತ್ತಿಲ್ಲ ಎಂದು ತಡವರಿಸಿ ಕ್ಲಾಸಿನಿಂದ ಹೊರಬಂದಳು. ನೆಟ್‌ವರ್ಕು ಈ ಕಾಲದಲ್ಲಿ ದೊಡ್ಡ ಪುಣ್ಯಾತ್ಮ, ಯಾರ ತಪ್ಪನ್ನು ಹೊರಿಸಿದರೂ ಸುಮ್ಮನೆ ಹೊರುತ್ತದೆ.

ಗಡಿಬಿಡಿ ಎಂಬುದು ಅಪ್ಪ ಇಟ್ಟ ಅಡ್ಡಹೆಸರು, ಮೈಗೆ ಹೊಲಿದ ಹಾಗೆ ಕೂತಿತ್ತು. ಮನೆಯ ಕೆಳಗೆ ಅವರದೇ ಹೊಲಿಗೆ ಅಂಗಡಿ: ಕಿಟಕಿಯ ಕರ್ಟನ್ನು, ಸೋಫಾ ಕವರು, ದಿಂಬಿನ ಚೀಲ. ಅಪ್ಪ ಕತ್ತರಿಸುವುದು, ಅತ್ತಿಗೆ ಹೊಲಿಯುವುದು, ಅಣ್ಣ ಗಿರಾಕಿಗಳ ಮನೆಗೆ ಹೋಗಿ ಏಣಿ ಹತ್ತಿ ತೂಗುಹಾಕುವುದು. ಅಂಗಡಿಗೆ ಒಂದೇ ಒಂದು ಕಾಯಿದೆ ಇತ್ತು. ಸೂಜಿ ಚುಚ್ಚಿದ ಬಟ್ಟೆ ಹಾಗೇ ಬಿದ್ದಿರಬಾರದು. ಯಾರಾದರೂ ಅರ್ಧಕ್ಕೆ ಬಿಟ್ಟು ಎದ್ದರೆ, ಆ ದಾರಿಯಲ್ಲಿ ಬಂದವರು ಕೂತು ಮುಗಿಸಬೇಕು. ಯಾರದು, ಯಾಕೆ ಬಿಟ್ಟೆ ಎಂದು ಕೇಳುವ ಹಾಗಿಲ್ಲ, ನಾನು ಮುಗಿಸಿದೆ ಎಂದು ಹೇಳಿಕೊಳ್ಳುವ ಹಾಗೂ ಇಲ್ಲ. ಈ ಕಾಯಿದೆಯಿಂದ ಎಲ್ಲರಿಗಿಂತ ಹೆಚ್ಚು ಸುಖಪಟ್ಟವಳು ಗಡಿಬಿಡಿಯೇ. ಹೇಳಿ ಕೇಳಿ ಆರಂಭಶೂರೆ. ಚಿಕ್ಕಂದಿನಿಂದ ಅವಳು ಶುರು ಮಾಡಿದ ಅಂಚು ಅವಳಿಲ್ಲದೆಯೇ ತುದಿ ಮುಟ್ಟುತ್ತಿತ್ತು.

ಈಗ ಅವಳು ಒಂದು ಪೀಠೋಪಕರಣ ಕಂಪನಿಯ ಆಫೀಸಿನಲ್ಲಿ ಆರ್ಡರುಗಳನ್ನು ನೋಡಿಕೊಳ್ಳುತ್ತಾಳೆ. ಅವಳೇ ಕೆಲಸ ಕಲಿಸಿಕೊಟ್ಟ ಇಬ್ಬರು ಈಗ ಅವಳ ಮೇಲೆ ಕೂತಿದ್ದಾರೆ, ಅವರಿಗೆ ಮ್ಯಾನೇಜ್‌ಮೆಂಟ್ ಡಿಗ್ರಿ ಇದೆ ಎಂಬ ಒಂದೇ ಕಾರಣಕ್ಕೆ. ಕಂಪನಿ ಹೊಸ ಶಾಖೆ ತೆರೆಯುವುದರಲ್ಲಿತ್ತು. ಈ ವರ್ಷ ಕಾಲೇಜಿನ ಸೀಟು ತಂದರೆ ಓದಲು ರಜೆ, ಮರಳಿದಾಗ ಆ ಶಾಖೆಯ ಮ್ಯಾನೇಜರ್ ಕುರ್ಚಿ ನಿನಗೇ ಎಂದು ಮಾಲೀಕರು ಬಾಯಿಬಿಟ್ಟು ಹೇಳಿದ್ದರು. ತರದಿದ್ದರೆ ಕುರ್ಚಿ ಇನ್ನೊಬ್ಬನಿಗೆ. ಆ ಇನ್ನೊಬ್ಬನಿಗೂ ಅವಳೇ ಕೆಲಸ ಕಲಿಸಿದ್ದು ಎನ್ನುವುದು ಹೊಟ್ಟೆ ಉರಿಯುವ ಮಾತು.

ಅದಕ್ಕೇ ಅಂಗಡಿಯ ಕಂಪ್ಯೂಟರಿನಲ್ಲಿ ಆ ಕ್ಲಾಸಿನವರದೇ ಕೋರ್ಸು ತೆರೆದುಕೊಂಡು ತಿಂಗಳುಗಟ್ಟಲೆ ಕೂತಿದ್ದಳು. ಬೆಳಿಗ್ಗೆ ಪಾಠವನ್ನು ಅರ್ಧಕ್ಕೆ ತೆರೆದಿಟ್ಟೇ ಆಫೀಸಿಗೆ ಓಡುತ್ತಿದ್ದಳು. ಕೋರ್ಸು ಬಲು ಬುದ್ಧಿವಂತ. ನೀನು ಎಲ್ಲಿ ಗಟ್ಟಿ, ಎಲ್ಲಿ ಪೊಳ್ಳು ಎಂದು ನೋಡಿಕೊಂಡು ಪಾಠ ಕೊಡುತ್ತದೆ, ಪರೀಕ್ಷೆಯಲ್ಲಿ ಎಷ್ಟು ಅಂಕ ಬರಬಹುದೆಂದು ಅಂದಾಜನ್ನೂ ಹೇಳುತ್ತದೆ. ಗಣಿತದಲ್ಲಿ ನೀನು ಗಟ್ಟಿ, ಇಂಗ್ಲಿಷ್ ಓದಿ ಅರ್ಥಮಾಡಿಕೊಳ್ಳುವುದರಲ್ಲಿ ಪೊಳ್ಳು ಎಂದು ಅದು ಹೇಳಿತ್ತು. ಆಫೀಸಿನಲ್ಲಿ ದಿನವಿಡೀ ಇಂಗ್ಲಿಷ್ ಪತ್ರ ಓದುವ ಅವಳಿಗೆ ಇದು ವಿಚಿತ್ರ ಅನ್ನಿಸಿದರೂ, ಮೆಷಿನ್ನು ಸುಳ್ಳು ಹೇಳೀತೇ ಎಂದು ಗಣಿತವನ್ನು ಮೂಲೆಗೆ ತಳ್ಳಿ ಇಂಗ್ಲಿಷನ್ನೇ ಉಜ್ಜಿದಳು. ಅಂದಾಜು ಅಂಕ ಕಾಲೇಜು ಕೇಳುವ ಗೆರೆಯನ್ನು ದಾಟಿದ ದಿನವೇ ಪರೀಕ್ಷೆಯ ತಾರೀಖು ಹಿಡಿದಳು. ಅದಕ್ಕೆ ಉಳಿದದ್ದು ಇನ್ನೊಂದು ವಾರ.

ಕ್ಲಾಸಿನಿಂದ ಹೊರಬಂದವಳು ಅಲ್ಲೇ ಕೂತು ಕೋರ್ಸಿನ ಹಳೆಯ ಉತ್ತರಗಳನ್ನೆಲ್ಲ ತೆಗೆದು ನೋಡಿದಳು. ಪ್ರತಿ ಉತ್ತರದ ಪಕ್ಕ ಅದನ್ನು ಕೊಟ್ಟ ವೇಳೆ ಇತ್ತು. ಕಷ್ಟದ ಲೆಕ್ಕಗಳೆಲ್ಲ ಬಿಡಿಸಲ್ಪಟ್ಟಿದ್ದದ್ದು ಹಗಲು ಹೊತ್ತು, ಅವಳು ಆಫೀಸಿನಲ್ಲಿದ್ದಾಗ. ಒಂದೊಂದೂ ಸರಿ. ಇಂಗ್ಲಿಷಿನ ಪ್ರಶ್ನೆಗಳಿಗೂ ಹಗಲು ಯಾರೋ ಉತ್ತರ ಕೊಟ್ಟಿದ್ದರು, ಒಂದೊಂದೂ ತಪ್ಪು. ಅವಳಿಗೆ ಅರ್ಥವಾಯಿತು. ಅಂಗಡಿಯ ಕಾಯಿದೆ ಕಂಪ್ಯೂಟರಿನ ತನಕ ಬಂದಿತ್ತು.

ಊಟಕ್ಕೆ ಎಲ್ಲರೂ ಕೂತಾಗ ಕೇಳಿದಳು. ಅಪ್ಪ ಒಂದಿಷ್ಟೂ ಅಳುಕಲಿಲ್ಲ. ಹೌದು, ಬಿಟ್ಟುಹೋಗಿದ್ದೆಯಲ್ಲ, ನಾನೇ ಮುಗಿಸಿದೆ ಎಂದರು. ಇಂಗ್ಲಿಷ್ ತನಗೆ ಅಷ್ಟಕ್ಕಷ್ಟೇ, ಆದರೆ ನಾಲ್ಕು ಉತ್ತರದಲ್ಲಿ ಯಾವುದು ಉದ್ದವೋ ಅದನ್ನು ಒತ್ತುತ್ತಿದ್ದೆ, ಬಟ್ಟೆಯಾಗಲಿ ಮಾತಾಗಲಿ ಒಂದು ಗೇಣು ಹೆಚ್ಚಿದ್ದರೆ ನಷ್ಟವಿಲ್ಲ ಎಂದು ವಿವರಿಸಿದರು. ಅಣ್ಣ ನಗು ತಡೆಯಲಾರದೆ ನೀರು ಕುಡಿಯುವ ನೆಪದಲ್ಲಿ ಎದ್ದುಹೋದ. ಗಡಿಬಿಡಿಗೆ ನಗು ಬರಲಿಲ್ಲ. ಲೆಕ್ಕ ಮಾಡಿದ್ದು ಯಾರು ಎಂದು ಕೇಳಿದಳು.

ಅತ್ತಿಗೆ ತಟ್ಟೆಯಿಂದ ತಲೆ ಎತ್ತಲಿಲ್ಲ. ಮದುವೆಗೆ ಮುಂಚೆ ಅತ್ತಿಗೆ ಗಣಿತದಲ್ಲಿ ಪದವಿ ಮಾಡಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು. ಅಂಗಡಿಗೆ ಕೈ ಸಾಲದೆ ಬಂದಾಗ ಒಂದು ವರ್ಷದ ಮಟ್ಟಿಗೆಂದು ಮೆಷಿನ್ನಿನ ಮುಂದೆ ಕೂತವಳು, ಆ ಒಂದು ವರ್ಷ ಇನ್ನೂ ಮುಗಿದಿರಲಿಲ್ಲ. ಅದನ್ನು ಮನೆಯಲ್ಲಿ ಎಲ್ಲರೂ ಮರೆತಿದ್ದರು. ಗಡಿಬಿಡಿಯೂ ಮರೆತಿದ್ದಳು.

"ನನ್ನ ಪರೀಕ್ಷೆ ನೀವು ಬರೀತೀರಾ ಅತ್ತಿಗೆ?" ಎಂದಳು. "ಒಂದು ಮಾತು ಹೇಳಬಾರದಿತ್ತಾ?"

"ಹೇಳೋ ಪದ್ಧತಿ ಇದೆಯಾ ನಮ್ಮನೇಲಿ?" ಎಂದಳು ಅತ್ತಿಗೆ. ಸಿಟ್ಟಿನಿಂದಲ್ಲ, ಇದ್ದದ್ದನ್ನು ಇದ್ದ ಹಾಗೆ.

ಗಡಿಬಿಡಿ ಅನ್ನ ಬಿಟ್ಟು ಎದ್ದಳು. ಅಂದು ಆ ತಟ್ಟೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಮರುದಿನ ಆಫೀಸಿಗೆ ರಜೆ ಹಾಕಿ, ಕೋಣೆಯ ಬಾಗಿಲಿಗೆ ಚಿಲಕ ಜಡಿದು, ಮೊದಲಿಂದ ಕೊನೆಯವರೆಗೆ ತಾನೊಬ್ಬಳೇ ಒಂದು ಮಾದರಿ ಪರೀಕ್ಷೆ ಬರೆದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ತಿಂಗಳುಗಟ್ಟಲೆ ಏರಿದ್ದ ಅಂದಾಜು ಒಂದು ಮಧ್ಯಾಹ್ನದಲ್ಲಿ ನೆಲಕ್ಕೆ ಬಿತ್ತು. ಇಂಗ್ಲಿಷ್ ಚೆನ್ನಾಗಿಯೇ ಇತ್ತು, ಗಣಿತ ನೋಡುವ ಹಾಗಿರಲಿಲ್ಲ. ತಾರೀಖು ಮುಂದೂಡಬಹುದಿತ್ತು, ಆದರೆ ಅಷ್ಟರಲ್ಲಿ ಕಾಲೇಜಿನ ಬಾಗಿಲು ಮುಚ್ಚುತ್ತಿತ್ತು. ದಿಂಬಿಗೆ ಮುಖ ಒತ್ತಿ ಅತ್ತಳು. ಅಪ್ಪನ ಮೇಲೆ ಸಿಟ್ಟು, ಅತ್ತಿಗೆಯ ಮೇಲೆ ಸಿಟ್ಟು, ಸುಳ್ಳು ಅಂದಾಜು ಹೇಳಿದ ಕೋರ್ಸಿನ ಮೇಲೆ ಸಿಟ್ಟು. ಕುಣಿಯಲಾರದವಳಿಗೆ ಅಂಗಳ ಡೊಂಕು ಎಂದು ಒಳಗೆ ಯಾರೋ ಅಂದ ಹಾಗಾಗಿ ಸಿಟ್ಟು ಇನ್ನೂ ಏರಿತು.

ಅತ್ತಿಗೆ ಬಾಗಿಲು ತಟ್ಟಿ ಚಿಲಕ ತೆಗೆಸಿದಳು. ಬೆಳಕಿಗೆ ಕೂತು ತಪ್ಪಾದ ಲೆಕ್ಕಗಳನ್ನು ಒಂದೊಂದಾಗಿ ನೋಡಿದಳು. ಎಲ್ಲವನ್ನೂ ನೋಡಿ ಮುಗಿಸಿ ಹೇಳಿದಳು.

"ನಿನಗೆ ಬರಲ್ಲ ಅಂತಲ್ಲ ಕಣೇ. ನೀನು ಕೂರಲ್ಲ. ಎಲ್ಲಾ ಲೆಕ್ಕದಲ್ಲೂ ಅರ್ಧ ದಾರಿ ಸರಿಯಾಗೇ ಹೋಗಿದೀಯ. ಕಷ್ಟ ಬಂತು ಅಂದ ತಕ್ಷಣ ಎದ್ದುಬಿಡ್ತೀಯ. ಇಷ್ಟು ವರ್ಷ ಹಿಂದೆ ನಾವು ಇದ್ವಿ, ಮುಗಿಸ್ತಿದ್ವಿ. ತಪ್ಪು ನಮ್ಮದೂ ಇದೆ."

ಗಡಿಬಿಡಿಗೆ ಯಾರೋ ಕೆನ್ನೆಗೆ ಹೊಡೆದ ಹಾಗಾಯಿತು. ಹೊಡೆದದ್ದು ಸರಿಯಾದ ಕೆನ್ನೆಗೇ ಎಂಬುದೂ ಗೊತ್ತಾಯಿತು. ಕಲಿಸಿಕೊಡಿ ಅತ್ತಿಗೆ ಎಂದಳು. ಕಲಿಸುವಂಥದ್ದೇನೂ ಇಲ್ಲ, ಪಕ್ಕದಲ್ಲಿ ಕೂತಿರುತ್ತೇನೆ ಅಷ್ಟೇ ಎಂದಳು ಅತ್ತಿಗೆ.

ಆ ಒಂದು ವಾರ ನಡೆದದ್ದನ್ನು ಪಾಠ ಎನ್ನಬೇಕೋ ಹಟ ಎನ್ನಬೇಕೋ ತಿಳಿಯದು. ಆಫೀಸು ಮುಗಿಸಿ ಬಂದವಳನ್ನು ಅತ್ತಿಗೆ ಕುರ್ಚಿಯಲ್ಲಿ ಕೂರಿಸುತ್ತಿದ್ದಳು, ತಾನು ಪಕ್ಕದಲ್ಲಿ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂರುತ್ತಿದ್ದಳು. ಗಡಿಬಿಡಿ ಲೆಕ್ಕದ ನಡುವೆ ಸಿಕ್ಕಿಕೊಂಡಾಗ ಅತ್ತಿಗೆಯ ಭುಜ ತಾನಾಗಿ ಮುಂದೆ ಬರುತ್ತಿತ್ತು, ಮತ್ತೆ ಹಿಂದೆ ಸರಿಯುತ್ತಿತ್ತು. ಗಡಿಬಿಡಿಗೆ ಲೆಕ್ಕದ ನಡುವೆ ನೀರಡಿಕೆ, ತಲೆನೋವು, ಆಫೀಸಿನ ಮುಖ್ಯ ಫೋನು, ಎಲ್ಲವೂ ಆಗಲೇ ನೆನಪಾಗುತ್ತಿದ್ದವು. ಮುಗಿಸಿ ಹೋಗು ಎಂದಷ್ಟೇ ಅತ್ತಿಗೆ ಅನ್ನುತ್ತಿದ್ದಳು. ಒಮ್ಮೆ ಗಡಿಬಿಡಿ ಪೆನ್ನು ಬಿಸಾಡಿ, ನಿಮಗೆ ಉತ್ತರ ಗೊತ್ತಿದ್ದೂ ಸುಮ್ಮನೆ ಕೂತಿದ್ದೀರಿ, ಎಂಥ ಕಲ್ಲು ಮನಸ್ಸು ಎಂದು ಕೂಗಾಡಿದಳು. ಅತ್ತಿಗೆ ಪೆನ್ನು ಎತ್ತಿಕೊಡಲಿಲ್ಲ. ಗಡಿಬಿಡಿಯೇ ಬಗ್ಗಿ ಎತ್ತಿಕೊಂಡಳು.

ಪರೀಕ್ಷೆ ಮನೆಯಲ್ಲೇ, ಕ್ಯಾಮೆರಾದ ಮುಂದೆ. ಕೋಣೆಯಲ್ಲಿ ಬೇರೆ ನರಪಿಳ್ಳೆ ಇರಬಾರದು, ಯಾರ ದನಿಯೂ ಕೇಳಬಾರದು, ಹೇಳಿದ ವಿರಾಮಕ್ಕೆ ಮೊದಲು ಕುರ್ಚಿ ಬಿಟ್ಟು ಎದ್ದರೆ ಪರೀಕ್ಷೆ ರದ್ದು. ಅಪ್ಪ ಅಂಗಡಿಯ ಬಾಗಿಲು ಎಳೆದರು, ಮೆಷಿನ್ನುಗಳನ್ನು ನಿಲ್ಲಿಸಿದರು, ಕತ್ತರಿಯನ್ನು ಸಹ ಬಟ್ಟೆಯ ಮೇಲೆ ಇಟ್ಟರು, ಮೇಜಿಗೆ ತಾಗಿ ಸದ್ದಾಗದಿರಲೆಂದು. ಸ್ಕ್ರೀನಿನ ಆಚೆಯ ಮೇಲ್ವಿಚಾರಕಿ ಗೋಡೆ ತೋರಿಸು, ಮೇಜಿನ ಕೆಳಗೆ ತೋರಿಸು, ಕಿವಿ ತೋರಿಸು ಎಂದಳು. ಮೂಲೆಯಲ್ಲಿದ್ದ ಹಳೆಯ ಹೊಲಿಗೆ ಮೆಷಿನ್ನು ಏನೆಂದು ಕೇಳಿದಳು. ಅದನ್ನು ದುಪ್ಪಟಿಯಿಂದ ಮುಚ್ಚಿದ ಮೇಲೆ ಸಮಾಧಾನವಾಯಿತು.

ಇಂಗ್ಲಿಷ್ ನೀರು ಕುಡಿದಷ್ಟು ಸುಲಭವಾಗಿ ಹೋಯಿತು. ಗಣಿತ ಶುರುವಾಯಿತು. ಮೊದಲಿನ ಕೆಲವು ಬಿಡಿಸಿದಳು. ಆಮೇಲೆ ಒಂದು ಬಂತು, ಕೆಟ್ಟದ್ದು, ಎಲ್ಲಿ ಹಿಡಿದರೂ ಜಾರುವಂಥದ್ದು. ಮೂಲೆಯಲ್ಲಿ ಗಡಿಯಾರದ ಅಂಕಿಗಳು ಇಳಿಯುತ್ತಿದ್ದವು. ಕಾಲು ತಾನಾಗಿ ನೆಲವನ್ನು ಒತ್ತಿತು, ಕುರ್ಚಿ ಕಿರ್ರೆಂದಿತು. ಮೇಲ್ವಿಚಾರಕಿ ತಲೆ ಎತ್ತಿ ನೋಡಿದಳು. ಗಡಿಬಿಡಿ ಅರೆ ಎದ್ದವಳು ಹಾಗೇ ನಿಂತುಹೋದಳು. ಬಾಗಿಲಾಚೆ ಅತ್ತಿಗೆ ಮೆಟ್ಟಿಲ ಮೇಲೆ ಕೂತಿದ್ದಾಳೆಂದು ಅವಳಿಗೆ ಗೊತ್ತಿತ್ತು. ಅಂಗೈಗಳು ತೊಡೆಯ ಕೆಳಗೇ ಇರುತ್ತವೆಂದೂ ಗೊತ್ತಿತ್ತು. ಈ ಲೆಕ್ಕವನ್ನು ಮುಗಿಸಲು ಈ ದಾರಿಯಲ್ಲಿ ಯಾರೂ ಬರುವುದಿಲ್ಲ. ಕೂತಳು. ಎರಡೂ ಕೈಗಳಿಂದ ಕುರ್ಚಿಯ ಅಂಚು ಹಿಡಿದು, ಲೆಕ್ಕವನ್ನು ಮೊದಲಿನಿಂದ ಓದಿದಳು.

ಮುಗಿಸಿದಳು. ಅದು ತಪ್ಪು ಉತ್ತರವೆಂದು ಆಮೇಲೆ ಅತ್ತಿಗೆಯ ಜೊತೆ ಕೂತು ನೋಡಿದಾಗ ತಿಳಿಯಿತು, ಆ ಮಾತು ಬೇರೆ. ಅದನ್ನು ಮುಗಿಸಿದ್ದರಿಂದ ಮುಂದಿನದಕ್ಕೆ ಕೂರುವ ಧೈರ್ಯ ಬಂತು, ಅದರ ಮುಂದಿನದಕ್ಕೂ ಬಂತು. ಕೊನೆಗೆ ಸ್ಕ್ರೀನಿನ ಮೇಲೆ ಅಂಕ ಮೂಡಿತು. ಕೋರ್ಸು ಹೇಳಿದ್ದ ಅಂದಾಜಿಗಿಂತ ಎಷ್ಟೋ ಕಡಿಮೆ. ಕಾಲೇಜಿನ ಗೆರೆಗಿಂತ ಕೂದಲೆಳೆಯಷ್ಟು ಮೇಲೆ. ಬಾಗಿಲು ತೆರೆದು ಅತ್ತಿಗೆಯ ಹೆಗಲಿಗೆ ಬಿದ್ದಳು. ಅಪ್ಪ ಕೆಳಗಿನಿಂದ, ಈಗಲಾದರೂ ಕೆಮ್ಮಬಹುದೇ ಎಂದು ಕೇಳಿದರು.

ಸೀಟು ಸಿಕ್ಕಿತು, ರಜೆಯೂ ಮಂಜೂರಾಯಿತು. ಕೋರ್ಸಿನ ಅವಧಿ ಇನ್ನೂ ಉಳಿದಿತ್ತು. ಗಡಿಬಿಡಿ ಕೋರ್ಸಿನವರಿಗೆ ಬರೆದು, ಉಳಿದ ಅವಧಿಯನ್ನು ಅತ್ತಿಗೆಯ ಹೆಸರಿಗೆ ಮಾಡಿಸಿದಳು. ನನಗ್ಯಾಕೆ ಈ ವಯಸ್ಸಿನಲ್ಲಿ ಎಂದು ಅತ್ತಿಗೆ ಬಾಯಲ್ಲಿ ಅಂದಳು. ಮರುದಿನ ಮಧ್ಯಾಹ್ನ ನೋಡಿದರೆ ಕಂಪ್ಯೂಟರಿನ ಮುಂದೆ ಕೂತಿದ್ದಳು.

ಒಂದು ಬೆಳಿಗ್ಗೆ ಅತ್ತಿಗೆ ಇಂಗ್ಲಿಷಿನ ಪ್ರಶ್ನೆಯೊಂದಕ್ಕೆ ತಲೆ ಕೆರೆದುಕೊಳ್ಳುತ್ತಿದ್ದಾಗ ಅಣ್ಣ ಹೊರಗಿನಿಂದ ಏಣಿ ಹಿಡಿಯಲು ಕೂಗಿದ. ಅತ್ತಿಗೆ ಎದ್ದುಹೋದಳು. ಪ್ರಶ್ನೆ ಅರ್ಧಕ್ಕೆ ತೆರೆದುಕೊಂಡೇ ಇತ್ತು. ಗಡಿಬಿಡಿ ಪಕ್ಕದಲ್ಲಿ ಗುಂಡಿ ಹೊಲಿಯುತ್ತಿದ್ದಳು. ಕಣ್ಣು ಹಾಯಿಸಿದಳು, ಉತ್ತರ ಕೂಡಲೇ ಹೊಳೆಯಿತು, ಬೆರಳು ತುರಿಸಿತು. ಅಷ್ಟರಲ್ಲಿ ಅಪ್ಪ ಟೇಪನ್ನು ಕೊರಳಿಗೆ ಹಾಕಿಕೊಂಡು ಆ ಕಡೆ ಬಂದವರು, ಕನ್ನಡಕ ಏರಿಸಿ, ನಾಲ್ಕು ಉತ್ತರಗಳಲ್ಲಿ ಉದ್ದದ್ದು ಯಾವುದೆಂದು ಹುಡುಕುತ್ತಾ ಮೌಸಿನ ಮೇಲೆ ಕೈ ಇಟ್ಟರು.

ಗಡಿಬಿಡಿ ಆ ಕೈಯನ್ನು ಹಿಡಿದುಕೊಂಡಳು.

"ಬಿಡಪ್ಪ, ಅದು ಅತ್ತಿಗೇದು," ಎಂದಳು. "ಅವರೇ ಬಂದು ಮುಗಿಸ್ತಾರೆ."

ಅಪ್ಪ ಸ್ಕ್ರೀನನ್ನೂ ಮಗಳನ್ನೂ ನೋಡಿ ಕೈ ಹಿಂದೆಗೆದರು. ಅತ್ತಿಗೆ ಬರುವುದು ತಡವಾಯಿತು. ಇಬ್ಬರೂ ಆ ಪ್ರಶ್ನೆಯನ್ನು ಹಾಗೇ ಬಿಟ್ಟು ಕಾಯುತ್ತಾ ಕೂತರು.