ಇಲ್ಲೇ ಮಡಗಿದ್ದೆ

ಒರೆಸಿದಷ್ಟೂ ಈ ಕಲೆ ಹೋಗುತ್ತಿಲ್ಲವಲ್ಲ, ಕಂಪ್ಯೂಟರ್ ಪರದೆಯ ಎಡ ಮೂಲೆ, ಮೇಲೆ, ಎಣ್ಣೆ ಬೆರಳಿನ ಗುರುತು — ಉಳಿದ ಧೂಳೆಲ್ಲ ಒಂದೇ ಸಲಕ್ಕೆ ಬಟ್ಟೆಗೆ ಬಂತು, ಇದೊಂದು ಮಾತ್ರ ಉಜ್ಜಿದ ಕಡೆಗೆ ಸ್ವಲ್ಪ ಹರಡಿಕೊಂಡು ಅಲ್ಲೇ ಕೂತಿದೆ, ಯಾರೋ ದಿನಾ ಅದೇ ಜಾಗಕ್ಕೆ ಬೆರಳೊತ್ತಿದ್ದಾರೆ, ಇರಲಿ, ಫಾರ್ಮ್ಯಾಟ್ ಹೊಡೆದು ಎದ್ದು ಹೋಗುವವನಿಗೆ ಗಾಜಿನ ಉಸಾಬರಿ ಯಾಕೆ, ಎರಡು ಗಂಟೆಯ ಬಸ್ಸು ಸಿಕ್ಕರೆ ಮೂರಕ್ಕೆ ಮುಂಚೆ ಕೊಳ್ಳೇಗಾಲದ ಅಂಗಡಿಯಲ್ಲಿರುತ್ತೇನೆ, ಅಲ್ಲಿ ಎರಡು ಪ್ರಿಂಟರ್ ಹೊಟ್ಟೆ ಬಿಚ್ಚಿಕೊಂಡು ಬಿದ್ದಿವೆ, ಹನೂರಿನವರು ಬೆಳಿಗ್ಗೆಯಿಂದ ಮೂರು ಸಲ ಫೋನ್ ಮಾಡಿ ತಲೆ ತಿಂದಿದ್ದಾರೆ. ರೂಪ ಕಾಫಿ ತಂದಿಟ್ಟಳು, ಗುರುಪಾದಸ್ವಾಮಿ ಮೇಷ್ಟ್ರ ಒಬ್ಬಳೇ ಮಗಳು, ಈ ಯಳಂದೂರಿನಲ್ಲೇ ಅಂಗನವಾಡಿ ಟೀಚರು. ಎಲ್ಲಾ ಅಳಸಾಕ್ಬುಡಿ ಮಾದೇಶಣ್ಣ, ಹೊಸದ್ರಂಗೆ ಮಾಡ್ಕೊಡಿ, ಅಂಗನವಾಡಿ ಲೆಕ್ಕ ಬರ್ಕೋತೀನಿ, ಅಪ್ಪಾಜಿ ಈಗ ಇದ್ರತ್ರಕ್ಕೇ ಬರಾಕಿಲ್ಲ, ಎಂದಳು. ತಿರುಗಿ ನೋಡಿದೆ, ಮೇಷ್ಟ್ರು ಕಿಟಕಿ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಾರೆ, ಬಲಗೈ ಟವಲಿನೊಳಗೆ, ಕಣ್ಣು ಬೀದಿಯಲ್ಲಿ. ನಾನು ಬಂದಾಗ ಬಾಪ್ಪ ಎಂದಿದ್ದರು, ಹಾಲಿನವನಿಗೂ ಹಾಗೇ ಅನ್ನುತ್ತಾರಂತೆ. ಮರೆವಿನ ಕಾಯಿಲೆ, ಬೆಳಿಗ್ಗೆ ಒಂದು ಮಾತ್ರೆ, ರಾತ್ರಿ ಒಂದು, ನುಂಗಿದರೆ ದಿನವಿಡೀ ಮಂಪರು.

ಅಜ್ಜೀಪುರದ ಶಾಲೆಯಲ್ಲಿ ಮೂರನೇ ಕ್ಲಾಸು, ಅಕ್ಷರಗಳು ನನ್ನ ಕಣ್ಣೆದುರಿಗೇ ಅದಲುಬದಲಾಗುತ್ತಿದ್ದವು, ಇಡೀ ಬೆಂಚು ನಗುತ್ತಿತ್ತು, ಆಗ ಇದೇ ಮೇಷ್ಟ್ರು ನನ್ನ ಬೆರಳು ಹಿಡಿದು ಸಾಲಿನ ಕೆಳಗೆ ಇಟ್ಟರು — ಬೆರಳಿಕ್ಕಿ ಓದ್ಲಾ ಮಾದೇಶ, ಬೆರಳಿಕ್ಕುದ್ರೆ ಅಕ್ಸರ ಎಲ್ಗೂ ಓಗಾಕಿಲ್ಲ — ಆ ಬೆರಳಿನಿಂದಲೇ ಇವತ್ತು ಮೌಸು ಒತ್ತಿ ಅನ್ನ ತಿನ್ನುತ್ತಿದ್ದೇನೆ, ಮರೆತಿಲ್ಲ, ಆದರೂ ಮರೆತವನ ಹಾಗೇ ನಡೆದುಕೊಂಡೆ, ಅದು ಬೇರೆ ಮಾತು. ರಿಟೈರಾದ ಮೇಲೆ ಅವರಿಗೆ ಒಂದೇ ಹುಚ್ಚು, ಅಜ್ಜೀಪುರದಿಂದ ಪಾಲಾರಿನವರೆಗೆ ಕಾಡಿನ ಒಂದೊಂದು ಹಳ್ಳಕ್ಕೂ ಬಂಡೆಗೂ ಮರಕ್ಕೂ ಸೋಲಿಗರು ಇಟ್ಟ ಹೆಸರು, ಆ ಹೆಸರು ಯಾಕೆ ಬಂತು ಅನ್ನುವ ಕತೆ, ಹೂಗ್ಯಂ ಕಡೆಯ ಸೋಲಿಗ ಮುದುಕ ಕ್ಯಾತಯ್ಯನ ಹಿಂದೆ ಹನ್ನೊಂದು ವರ್ಷ ಅಲೆದರು, ಕ್ಯಾತಯ್ಯ ಹೇಳುತ್ತಿದ್ದ, ಇವರು ಚೀಟಿಯಲ್ಲಿ ಗೀಚಿಕೊಳ್ಳುತ್ತಿದ್ದರು, ಮನೆಗೆ ಬಂದು ಹೆಸರಿಗೊಂದು ಫೈಲಿನಂತೆ ಒಂದೇ ಬೆರಳಲ್ಲಿ ಟೈಪ್ ಮಾಡಿ ಚೀಟಿಯನ್ನು ಹಂಡೆ ಒಲೆಗೆ ಹಾಕುತ್ತಿದ್ದರು. ಕ್ಯಾತಯ್ಯನೂ ತೀರಿಹೋದ. ಇನ್ನು ಆ ಹೆಸರುಗಳು ಇದ್ದದ್ದು ಈ ಡಬ್ಬದೊಳಗೆ ಮಾತ್ರ, ಅಲ್ಲಿಂದಲೂ ಎರಡು ವರ್ಷದ ಹಿಂದೆ ಹೋದವು, ಮೇಷ್ಟ್ರೇ ಅಳಿಸಿಕೊಂಡರು, ಪಾಪ, ವಯಸ್ಸು. ಸರಿ, ಫಾರ್ಮ್ಯಾಟಿಗೆ ಮುಂಚೆ ಸಿ ಡ್ರೈವಿನೊಳಗೆ ಒಮ್ಮೆ ಇಣುಕಿಬಿಡುವುದು ನನ್ನ ಚಾಳಿ, ಯೂಸರ್ಸ್, ಅದರೊಳಗೆ ಮೇಷ್ಟ್ರ ಹೆಸರು, ಅದರೊಳಗೆ ಹಳೇ ಡಾಕ್ಯುಮೆಂಟ್ಸ್, ಖಾಲಿ ಇರಬೇಕು — ಇಲ್ಲ, ಖಾಲಿ ಇಲ್ಲ. ಒಂದು, ಕರಡಿ ಕುಂತ ಬಂಡೆ. ಎರಡು, ಹಾಲು ಸೋರುವ ಹಳ್ಳ. ಮೂರು, ತಂಗಿ ಬಿಟ್ಟ ಬಸರಿಮರ. ಕೆಳಗೆ ಇಳಿಸುತ್ತಿದ್ದೇನೆ, ಮುಗಿಯುತ್ತಿಲ್ಲ, ಇನ್ನೂರ ಹದಿನಾರು, ಒಂದೂ ಕದಲಿಲ್ಲ, ಎಲ್ಲ ಅಲ್ಲಲ್ಲೇ ಇವೆ, ಕಾಫಿ ಗುಟುಕರಿಸಿದೆ, ಕಹಿ.

ಎರಡು ವರ್ಷದ ಹಿಂದೆ ಅವತ್ತು ಹೊಸ ಡಿ ಡ್ರೈವ್ ಹಾಕಿದ್ದು ನಾನೇ. ಸಿ ಡ್ರೈವ್ ನಂಬಬೇಡಿ ಸಾ, ಫಾರ್ಮ್ಯಾಟ್ ಆದರೆ ಎಲ್ಲ ಹೋಯ್ತು, ಡಿ ಡ್ರೈವಲ್ಲಿ ಹಾಕ್ಕೊಡ್ತೀನಿ — ಕೊಳ್ಳೇಗಾಲದಿಂದ ಹನೂರಿನವರೆಗೆ ಮನೆಮನೆಯಲ್ಲೂ ಹೇಳಿಕೊಂಡು ಬಂದ ಮಾತು, ಯಾರು ಕಲಿಸಿದರೋ, ಎಲ್ಲ ಮೆಕ್ಯಾನಿಕ್ಕುಗಳೂ ಹೇಳುತ್ತೇವೆ. ಡಾಕ್ಯುಮೆಂಟ್ಸ್ ಅನ್ನುವುದು ಒಂದು ಬೋರ್ಡು, ಅಷ್ಟೇ, ಆ ಬೋರ್ಡನ್ನು ಇಲ್ಲಿಂದ ಕಿತ್ತು ಡಿ ಡ್ರೈವಿನ ಖಾಲಿ ಮನೆಗೆ ಹೊಡೆದೆ, ಕಂಪ್ಯೂಟರ್ ಮರ್ಯಾದೆಯಿಂದ ಕೇಳಿತು, ಹಳೇ ಮನೆಯಲ್ಲಿರುವುದನ್ನೂ ಸಾಗಿಸಲೇ, ಯೆಸ್ ಅಥವಾ ನೋ, ಯೆಸ್ ಅಂದರೆ ಹತ್ತು ನಿಮಿಷ ಕಾಯಬೇಕು, ಹನೂರಿನಲ್ಲಿ ಯಾರೋ ಕಾಯುತ್ತಿದ್ದರು, ಆಮೇಲೆ ಬಂದು ಕಾಪಿ ಮಾಡಿಕೊಟ್ಟರಾಯಿತು ಎಂದು ನೋ ಒತ್ತಿದೆ. ಆಮೇಲೆ ಬರಲಿಲ್ಲ. ಮರೆತೆ. ನಾನು ಮರೆತೆ — ಮರೆವು ಬಂದಿದ್ದು ಯಾರಿಗೆ? ಮಾರನೇ ದಿನವೇ ಫೋನು, ನಾನು ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿದ್ದೆ, ಎಲ್ಲೋದ್ವೋ ಮಾದೇಶ, ಇಲ್ಲೇ ಮಡಗಿದ್ದೆ ಕಣ್ಲಾ, ಒಂದೂ ಇಲ್ಲ, ಎಂದರು ಮೇಷ್ಟ್ರು, ನೀವೇ ಎಲ್ಲೋ ಡಿಲೀಟ್ ಒತ್ತಿರ್ತೀರಿ ಸಾ, ವಯಸ್ಸಾಯ್ತಲ್ಲ, ಎಂದು ಟೀ ಮುಗಿಸಿದೆ, ಪಕ್ಕದವನಿಗೆ ಕಣ್ಣು ಹೊಡೆದು ನಕ್ಕೆ ಕೂಡ, ಈಗ ಆ ನಗು ನೆನೆದರೆ ಮೈಯೆಲ್ಲ ಉರಿಯುತ್ತದೆ. ಮತ್ತೆ ಫೋನು, ಮತ್ತೆ ಅದೇ, ಇಲ್ಲೇ ಮಡಗಿದ್ದೆ, ಆಮೇಲೆ ನಾನು ಎತ್ತುವುದನ್ನೇ ಬಿಟ್ಟೆ. ಕೊನೆಗೆ ರೂಪ ಫೋನ್ ಮಾಡಿದಳು, ದಿನಾ ಪರದೆ ಮುಟ್ಟಿ ಮುಟ್ಟಿ ಇಲ್ಲೇ ಮಡಗಿದ್ದೆ ಅಂತಾರೆ, ನಿಜ್ವಾಗ್ಲೂ ಇತ್ತಾ ಮಾದೇಶಣ್ಣ, ನಿಮ್ಗೆ ಗೊತ್ತಿರ್ತದಲ್ಲ. ನನಗೆ ಗೊತ್ತಿರುತ್ತದೆ! ನನಗೆ ಗೊತ್ತಿರದೆ ಇನ್ಯಾರಿಗೆ, ಅರಳು ಮರಳು ಕಣಮ್ಮ, ಒಂದ್ಸಲ ಡಾಕ್ಟ್ರಿಗೆ ತೋರ್ಸು ಎಂದೆ. ತೋರಿಸಿದರು, ಏನೂ ಇಲ್ಲದ ಕಡೆ ಇತ್ತು ಇತ್ತು ಅನ್ನುತ್ತಾರೆ ಎಂದು ಮಗಳು ಹೇಳಿದ್ದನ್ನು ಡಾಕ್ಟರೂ ಬರೆದುಕೊಂಡರು. ಆಮೇಲೆ ಒಂದೊಂದೇ ಕೈತಪ್ಪಿತು, ಗ್ಯಾಸ್ ಹಚ್ಚಬೇಡಿ, ಸಂತೆಗೆ ಒಬ್ಬರೇ ಹೋಗಬೇಡಿ, ಬೀಗದ ಕೈ ಇಲ್ಲಿ ಕೊಡಿ, ಪರದೆ ಮುಟ್ಟಬೇಡಿ ಅಪ್ಪಾಜಿ. ಕಾಡೆಲ್ಲ ಸುತ್ತಿದ ಮನುಷ್ಯ ಒಂದು ಕುರ್ಚಿಯಷ್ಟಾದರು.

ಮೌಸು ಕೈಯಲ್ಲಿದೆ, ಫಾರ್ಮ್ಯಾಟಿನ ಪೆನ್‌ಡ್ರೈವ್ ಸಿಕ್ಕಿಸಿಯಾಗಿದೆ, ಅವಳೇ ಹೇಳಿದ್ದಾಳೆ, ಎಲ್ಲ ಅಳಿಸಿ ಎಂದು, ಅಳಿಸಿದರೆ ನಾನು ಮಾಡಿದ್ದೂ ಅದರೊಂದಿಗೆ ಹೋಗುತ್ತದೆ, ಎರಡು ಗಂಟೆಯ ಬಸ್ಸೂ ಸಿಗುತ್ತದೆ, ಮಾದೇಶನ ಕೈ ಬಿದ್ದರೆ ಕೆಲಸ ಪಕ್ಕಾ ಎಂಬ ಹೆಸರು ಉಳಿಯುತ್ತದೆ, ಯಾರು ನೋಡುತ್ತಾರೆ — ಥೂ, ಇಷ್ಟು ಸಲೀಸಾಗಿ ಹೊಳೆಯಿತಲ್ಲ ನನಗೆ, ಎಂಥ ಜನ್ಮ ನನ್ನದು. ಡಿ ಡ್ರೈವ್ ತೆರೆದೆ, ಖಾಲಿ ಎಂದುಕೊಂಡಿದ್ದ ಆ ಹೊಸ ಮನೆಯಲ್ಲಿ ಒಂದೇ ಒಂದು ಫೈಲು, ಹೋದ ವರ್ಷದ್ದು, ಎರಡೇ ಸಾಲು: ಇಲ್ಲಿ ಏನೂ ಇರಲಿಲ್ಲ, ನಾನೇ ಅಳಿಸಿದೆನೆಂದು ಮಾದೇಶ ಹೇಳಿದ್ದಾನೆ. ಮತ್ತೆ ಮತ್ತೆ ಕೇಳಿ ರೂಪಳನ್ನು ಅಳಿಸಬಾರದು, ನೆನಪಿಟ್ಟುಕೋ. ಒಂದೇ ಬೆರಳಲ್ಲಿ ಟೈಪ್ ಮಾಡಿದ್ದು, ತನಗೆ ತಾನೇ, ಒಂದೂ ತಪ್ಪಕ್ಷರವಿಲ್ಲ. ಪೆನ್‌ಡ್ರೈವ್ ಕಿತ್ತೆ. ಡಾಕ್ಯುಮೆಂಟ್ಸ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಲೊಕೇಶನ್, ರಿಸ್ಟೋರ್ ಡೀಫಾಲ್ಟ್, ಅಪ್ಲೈ, ಮತ್ತೆ ಅದೇ ಪ್ರಶ್ನೆ, ಅದೇ ಎರಡು ಬಟನ್, ಯೆಸ್ — ಸಾಗಿಸಲು ಆ ಎರಡು ಸಾಲು ಬಿಟ್ಟು ಅಲ್ಲಿ ಏನಿತ್ತು, ಅರ್ಧ ನಿಮಿಷವೂ ಹಿಡಿಯಲಿಲ್ಲ, ಬೋರ್ಡು ಹಳೇ ಮನೆಗೆ ವಾಪಸ್ಸು, ಎರಡು ವರ್ಷ, ಅರ್ಧ ನಿಮಿಷ. ತೆರೆದೆ, ಎಡ ಮೂಲೆಯಿಂದ ಶುರುವಾಗಿ ಒಂದರ ಕೆಳಗೊಂದು ಬಂದು ಕೂತವು, ಒಂದನೇ ಹೆಸರು ಸರಿಯಾಗಿ ಆ ಕಲೆಯ ಕೆಳಗೆ.

ಸಾ, ಇಲ್ ಬನ್ನಿ, ಎಂದೆ, ರೂಪ ಬಾಗಿಲಲ್ಲಿ ನಿಂತಳು, ಮೇಷ್ಟ್ರು ಕುರ್ಚಿ ಹಿಡಿದು ಎದ್ದು ಬಂದರು. ಎಲ್ಲಾ ಸಿಕ್ತು ಸಾ, ನೀವು ಅಳಿಸಿರ್ಲಿಲ್ಲ, ನೀವು ಮಡಗಿದ್ ಕಡೇನೇ ಅವೆ, ನಾನೇ ಜಾಗ ತಪ್ಸಿದ್ದೆ, ತಪ್ಪೆಲ್ಲಾ ನಂದೇ ಸಾ. ರೂಪಳ ಕೈಯಲ್ಲಿದ್ದ ನೀರಿನ ಚೊಂಬು ಓರೆಯಾಗಿ ನೀರು ನೆಲಕ್ಕೆ ಬೀಳುತ್ತಿದೆ, ಅವಳಿಗೆ ಗೊತ್ತಿಲ್ಲ, ನನ್ನನ್ನೇ ನೋಡುತ್ತಿದ್ದಾಳೆ, ನೋಡಲಿ, ಉಗಿಯಲಿ. ಮೇಷ್ಟ್ರು ಬಾಗಿದರು, ತುಟಿ ಅಲ್ಲಾಡಿತು, ಕರಡಿ ಕುಂತ ಬಂಡೆ, ಓದಿದರು, ಎರಡನೆಯದನ್ನೂ ಓದಿದರು, ಈಗ ಬೈಯುತ್ತಾರೆ, ಈಗ ಅಳುತ್ತಾರೆ, ಏನಾದರೂ ಮಾಡಲಿ — ನನ್ನ ಹೆಗಲ ಮೇಲೆ ಎಡಗೈ ಇಟ್ಟರು. ಇರ್ಲಿ ಬುಡ್ಲಾ ಮಾದೇಶ, ನನ್ ಮನ್ಸಿಗೆ ನೋವಾಗ್ಬಾರ್ದು ಅಂತ ಎಲ್ಲಿಂದ್ಲೋ ತಂದು ಜೋಡ್ಸಿದ್ದೀಯೆ, ನಾನೇ ಅಳ್ಸಿದ್ದು ಕಣಪ್ಪ, ನೀನೇ ಯೋಳಿದ್ಯಲ್ಲ, ನೀನು ಸುಳ್ಳು ಯೋಳೋನಲ್ಲ. ಸಾ, ಸುಳ್ಳು ಹೇಳಿದ್ದು ಆಗ, ಈಗಲ್ಲ, ಎಂದೆ. ನಗುತ್ತಿದ್ದಾರೆ, ಒಳ್ಳೇ ಉಡ್ಗ ನೀನು, ಎನ್ನುತ್ತಿದ್ದಾರೆ. ಬೆರಳಿಕ್ಕಿ ಓದಿ ಸಾ, ನಿಮ್ಮವೇ, ಒಂದ್ಸಲ ಇಕ್ಕಿ ನೋಡಿ, ಎಂದು ಅವರ ಬಲಗೈ ಹಿಡಿಯಲು ಹೋದೆ, ಅವರು ಮಗಳ ಕಡೆ ನೋಡಿ ಕೈಯನ್ನು ಟವಲಿನೊಳಕ್ಕೆ ಎಳೆದುಕೊಂಡರು, ಮುಟ್ಬಾರ್ದು ಅದ್ನ, ಎಂದರು ಮೆಲ್ಲಗೆ, ಹೋಗಿ ಕುರ್ಚಿಯಲ್ಲಿ ಕೂತರು. ಅಪ್ಪಾಜಿ, ಎಂದಳು ರೂಪ. ಹೊರಗೆ ಎರಡು ಗಂಟೆಯ ಬಸ್ಸು ಹಾರನ್ ಹೊಡೆದು ಹೋಯಿತು, ಒರೆಸುವ ಬಟ್ಟೆ ಇನ್ನೂ ನನ್ನ ಕೈಯಲ್ಲಿದೆ, ಎದುರಿಗೆ ಇನ್ನೂರ ಹದಿನಾರು ಹೆಸರು, ನನಗೆ ಒಂದೂ ಕಾಣುತ್ತಿಲ್ಲ, ಆ ಕಲೆ ಮಾತ್ರ, ಎಡ ಮೂಲೆ, ಮೇಲೆ, ಒಂದನೇ ಹೆಸರಿನ ಮೇಲೆ ಸರಿಯಾಗಿ, ಏನೂ ಕಾಣದಿದ್ದಾಗಲೂ ದಿನಾ ಬಂದು ಅಲ್ಲೇ ಇಟ್ಟ ಬೆರಳು, ಅಲ್ಲೇ, ಆ ಬೆರಳು —