ನೂರಕ್ಕೆ ನಲವತ್ತೊಂದು

ಅಕ್ಕ ಸಾಯುವ ಮೊದಲು ಬರೆದಿಟ್ಟ ಚೀಟಿಯಲ್ಲಿ ನಾಲ್ಕೇ ಮಾತಿದ್ದವು. ಹೊಲಿಗೆಯಿಂದ ತಾನು ಉಳಿಸಿದ್ದನ್ನೆಲ್ಲ ಕಾಯಿಲೆ ಬಿದ್ದ ಪ್ರಾಣಿಗಳನ್ನು ನೋಡಿಕೊಳ್ಳುವವರಿಗೆ ಕೊಡಬೇಕು. ಒಂದೇ ಕಡೆ ಕೊಡಬೇಕು, ಚೂರು ಚೂರು ಮಾಡಿ ಹಂಚಿದ ಬಟ್ಟೆಯಲ್ಲಿ ಯಾರಿಗೂ ಒಂದು ಅಂಗಿ ಆಗುವುದಿಲ್ಲ. ಯಾರಿಗೆ ಎನ್ನುವುದನ್ನು ಪುಟ್ಟಿ ವಿಚಾರಿಸಿ ಹೇಳಲಿ. ಅವಳು ಹೇಳಿದ ಮೇಲೆ ಯಾರೂ ಎದುರಾಡಬಾರದು.

ಪುಟ್ಟಿ ಎಂದರೆ ನಾನು. ನನಗೀಗ ಐವತ್ತೆರಡು. ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಇಪ್ಪತ್ತೇಳು ವರ್ಷಗಳಿಂದ ಕೆಲಸ. ಕೊನೆಯ ಮಾತನ್ನು ಅಕ್ಕ ಬರೆದದ್ದು ಭಾವನಿಗಾಗಿ ಎಂದು ನನಗೂ ಗೊತ್ತಿತ್ತು, ಭಾವನಿಗೂ ಗೊತ್ತಿತ್ತು.

ಭಾವ ಗಡಿಯಾರ ರಿಪೇರಿ ಮಾಡುವವರು. ಮನೆಯ ಮುಂಭಾಗದ ಕೋಣೆಯೇ ಅಂಗಡಿ, ಅದರ ಹಿಂದಿನದು ಅಕ್ಕನ ಹೊಲಿಗೆಯ ಕೋಣೆ. ಎರಡರ ನಡುವಿನ ಹೊಸ್ತಿಲ ಮೇಲೆ ಅವರ ನಾಯಿ ಮಲಗಿರುತ್ತಿತ್ತು. ಸ್ವತಃ ಏನೂ ಕೆಲಸ ಮಾಡದೆ ಎರಡೂ ಕಡೆ ಕೆಲಸ ಮಾಡುವವರನ್ನು ಗಮನಿಸುತ್ತ ಮಲಗುತ್ತಾನೆ ಎಂದು ಅಕ್ಕ ಅವನಿಗೆ ಮ್ಯಾನೇಜರ್ ಎಂದು ಹೆಸರಿಟ್ಟಿದ್ದಳು.

"ಇದರಲ್ಲಿ ವಿಚಾರಿಸೋದೇನಿದೆ?" ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಮಸೂರವನ್ನು ತೆಗೆಯದೆಯೇ ಭಾವ ಕೇಳಿದರು. "ಎರಡು ಬೀದಿ ಆಚೆ ಸಿಸ್ಟರ್ ಇದ್ದಾರಲ್ಲ. ನಿನ್ನಕ್ಕ ವಾರ ತಪ್ಪದೆ ಹೋಗ್ತಿದ್ಲು. ಆ ಜಾಗದ ಮಾಲೀಕ ಈ ವರ್ಷ ಮಾರ್ತಾನಂತೆ. ನಾವು ಕೊಟ್ರೆ ಅವರೇ ಕೊಂಡ್ಕೋತಾರೆ. ಕೊಡದೇ ಇದ್ರೆ ಮುಚ್ಚಬೇಕು, ಅಷ್ಟೇ."

"ಅಷ್ಟೇ ಆಗಿದ್ರೆ ಅಕ್ಕನೇ ಅವರ ಹೆಸರು ಬರೀತಿದ್ಲು, ಭಾವ."

"ಅವಳಿಗೆ ನಿನ್ನ ಕಂಡ್ರೆ ಭಕ್ತಿ. ಕಾಲೇಜು ಓದಿದ ತಂಗಿ! ನೀನು ಹಾಲು ಕಪ್ಪು ಅಂದಿದ್ರೂ, ಹೌದಲ್ವಾ, ಇಷ್ಟು ದಿನ ನಾನೇ ಸರಿಯಾಗಿ ನೋಡಿರ್ಲಿಲ್ಲ ಅನ್ನೋಳು."

ಸಿಸ್ಟರ್ ಮೂವತ್ತು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಹಳೆಯ ಗೋದಾಮೊಂದನ್ನು ಬಾಡಿಗೆಗೆ ಹಿಡಿದು ನಾಯಿ ಬೆಕ್ಕುಗಳನ್ನು ನೋಡಿಕೊಳ್ಳುತ್ತಿದ್ದರು. ಬಡಾವಣೆಯವರೆಲ್ಲ ಅದನ್ನು 'ಸಿಸ್ಟರ್ ಮನೆ' ಎಂದೇ ಕರೆಯುತ್ತಿದ್ದರು. ಅವರು ಒಳ್ಳೆಯವರು ಎನ್ನುವುದರಲ್ಲಿ ನನಗೆ ಅನುಮಾನವಿರಲಿಲ್ಲ. ಆದರೆ ಒಳ್ಳೆಯತನ ಬೇರೆ, ಫಲ ಬೇರೆ ಎಂದು ನಾನು ನಂಬಿದ್ದೆ. ಅಕ್ಕ ಕಣ್ಣು ನೋಯಿಸಿಕೊಂಡು ಹೊಲಿದು ಉಳಿಸಿದ್ದು, ಹೆಚ್ಚು ಜೀವ ಉಳಿಯುವ ಕಡೆಗೇ ಹೋಗಬೇಕಿತ್ತು.

ಹದಿನಾಲ್ಕು ಪ್ರಶ್ನೆಗಳ ಒಂದು ನಮೂನೆ ತಯಾರಿಸಿ ಐದು ಸಂಸ್ಥೆಗಳಿಗೆ ಕಳಿಸಿದೆ. ವರ್ಷಕ್ಕೆ ಎಷ್ಟು ಪ್ರಾಣಿಗಳನ್ನು ಸೇರಿಸಿಕೊಂಡಿರಿ, ಎಷ್ಟು ಗುಣವಾದವು, ಎಷ್ಟು ಸತ್ತವು, ಎಷ್ಟನೆಯ ದಿನ, ಯಾವ ಕಾರಣದಿಂದ, ಪಶುವೈದ್ಯರು ವಾರಕ್ಕೆ ಎಷ್ಟು ಗಂಟೆ ಇರುತ್ತಾರೆ, ಹೀಗೆ. ಒಂದು ಸಂಸ್ಥೆ ಮರಿಗಳ ಚಂದದ ಚಿತ್ರಗಳನ್ನು ಕಳಿಸಿತು, ಒಂದು ಪ್ರಶ್ನೆಗೂ ಉತ್ತರ ಕೊಡಲಿಲ್ಲ. ಇನ್ನೊಂದರ ಫೋನನ್ನು ಯಾರೂ ಎತ್ತಲೇ ಇಲ್ಲ. ಮೂರನೆಯದು ಪಂಜರದ ಕೋಳಿಗಳನ್ನು ಬಿಡಿಸಲು ಕೆಲಸ ಮಾಡುವ ಸಂಸ್ಥೆ. ಬರಿಯ ಸಂಖ್ಯೆಯಲ್ಲಿ ನೋಡಿದರೆ ಅದರ ಹತ್ತಿರ ಯಾರೂ ಸುಳಿಯುವಂತಿರಲಿಲ್ಲ. ಭಾವನಿಗೆ ಹೇಳಿದೆ.

"ಆ ಕೋಳಿಗಳಿಗೆ ನಿನ್ನಕ್ಕ ಯಾರು ಅಂತಾದ್ರೂ ಗೊತ್ತಾ?"

"ನಾಯಿಗಳಿಗೆ ಗೊತ್ತಿತ್ತಾ?"

"ಗೊತ್ತಿತ್ತು," ಎಂದು ಭಾವ ಮ್ಯಾನೇಜರ್ ಕಡೆ ನೋಡಿದರು. ಅವನು ಬಾಲವನ್ನು ನೆಲಕ್ಕೊಮ್ಮೆ ಬಡಿದ.

ಚೀಟಿಯಲ್ಲಿದ್ದದ್ದು ಕಾಯಿಲೆ ಬಿದ್ದ ಪ್ರಾಣಿಗಳ ಮಾತು. ಹಾಗಾಗಿ ಕೋಳಿಗಳನ್ನು ಬಿಟ್ಟೆ. ಕೊನೆಗೆ ಉಳಿದದ್ದು ಎರಡು: ಸಿಸ್ಟರ್ ಮನೆ, ಮತ್ತು ಊರಂಚಿನಲ್ಲಿ ಟ್ರಸ್ಟೊಂದು ನಡೆಸುತ್ತಿದ್ದ ನಲವತ್ತು ಹಾಸಿಗೆಗಳ ದೊಡ್ಡ ಪ್ರಾಣಿ ಆಸ್ಪತ್ರೆ.

ದೊಡ್ಡಾಸ್ಪತ್ರೆಯಿಂದ ಎರಡೇ ದಿನದಲ್ಲಿ ಅಚ್ಚುಕಟ್ಟಾದ ಉತ್ತರ ಬಂತು. ಸಿಸ್ಟರ್ ಹನ್ನೊಂದು ದಿನ ತಡಮಾಡಿ, ಮೂರು ನೋಟ್‌ಪುಸ್ತಕಗಳನ್ನು ಚೀಲದಲ್ಲಿ ಹಾಕಿಕೊಂಡು ತಾವೇ ಬಂದರು. "ನಿಮ್ಮ ನಮೂನೆ ತುಂಬೋಕೆ ನನಗೆ ಬರ್ಲಿಲ್ಲ. ಎಲ್ಲ ಇದ್ರಲ್ಲೇ ಇದೆ, ನೀವೇ ನೋಡ್ಕೊಳ್ಳಿ," ಎಂದರು. ಪ್ರತಿಯೊಂದು ಪ್ರಾಣಿಯ ಬಗ್ಗೆಯೂ ಎರಡು ಮೂರು ಸಾಲು ಬರೆದಿದ್ದರು. 'ಕಂದು ಹೆಣ್ಣು ನಾಯಿ, ಮುದಿ. ಬಂದಾಗಲೇ ಎದ್ದು ನಿಲ್ಲುತ್ತಿರಲಿಲ್ಲ. ಮೂರನೆಯ ದಿನ ಸ್ವಲ್ಪ ಹಾಲು ಕುಡಿಯಿತು. ಐದನೆಯ ದಿನ ಬೆಳಿಗ್ಗೆ ಹೋಯಿತು.' ಇಂಥವು ಪುಟಗಟ್ಟಲೆ. ನಾನು ಅದರಲ್ಲಿ ದಿನವನ್ನು ಗುರುತು ಹಾಕಿಕೊಂಡೆ, ಸಾವು ಎಂದು ಗುರುತು ಹಾಕಿಕೊಂಡೆ. ಹಾಲು ಕುಡಿದದ್ದಕ್ಕೆ ನನ್ನ ನಮೂನೆಯಲ್ಲಿ ಜಾಗವಿರಲಿಲ್ಲ.

ಎರಡು ಸಲ ಎಣಿಸಿದೆ. ದೊಡ್ಡಾಸ್ಪತ್ರೆಯಲ್ಲಿ ಸೇರಿದ್ದು ಸಾವಿರದ ನೂರ ನಲವತ್ತು, ಸತ್ತದ್ದು ಅರವತ್ತೆಂಟು. ಸಿಸ್ಟರ್ ಮನೆಯಲ್ಲಿ ಸೇರಿದ್ದು ಇನ್ನೂರ ಹನ್ನೆರಡು, ಸತ್ತದ್ದು ಎಂಬತ್ತೇಳು. ಅಲ್ಲಿ ನೂರಕ್ಕೆ ಆರು, ಇಲ್ಲಿ ನೂರಕ್ಕೆ ನಲವತ್ತೊಂದು. ಎರಡೂ ಕಡೆಗೆ ಹೇಳದೆ ಕೇಳದೆ ಹೋಗಿ ನೋಡಿ ಬಂದೆ. ನಿಜ ಹೇಳಬೇಕೆಂದರೆ ಸಿಸ್ಟರ್ ಮನೆಯ ನೆಲವೇ ಹೆಚ್ಚು ಚೊಕ್ಕಟವಾಗಿತ್ತು. ಚೊಕ್ಕಟವಿದ್ದೂ ಇಷ್ಟು ಸಾಯುತ್ತವೆ ಎಂದರೆ ಚಿಕಿತ್ಸೆಯಲ್ಲೇ ಏನೋ ಕೊರತೆ ಇರಬೇಕು ಎಂದು ನನ್ನ ಟಿಪ್ಪಣಿಯಲ್ಲಿ ಬರೆದೆ.

"ನೂರಕ್ಕೆ ಐವತ್ತೊಂಬತ್ತು ಬದುಕಿದ್ವಲ್ಲ," ಎಂದರು ಭಾವ.

"ಅಲ್ಲಿ ತೊಂಬತ್ನಾಲ್ಕು ಬದುಕ್ತವೆ, ಭಾವ."

"ನಾಳೆಯಿಂದ ಸಿಸ್ಟರ್ ಮುಖ ಹೇಗೆ ನೋಡ್ಲಿ ನಾನು? ದಿನಾ ಈ ಬೀದೀಲೇ ಓಡಾಡ್ತಾರೆ."

"ನಾನೇ ಹೋಗಿ ಹೇಳ್ತೀನಿ."

ಚೀಟಿಯ ನಾಲ್ಕನೆಯ ಮಾತು ಭಾವನ ಬಾಯಿ ಕಟ್ಟಿತ್ತು. ಹಣವೆಲ್ಲ ದೊಡ್ಡಾಸ್ಪತ್ರೆಗೆ ಹೋಗುವಂತೆ ಸಹಿ ಮಾಡಬೇಕಾದ ಕಡೆಯೆಲ್ಲ ಮಾಡಿದರು.

ಸಿಸ್ಟರ್ ಕುರುಡು ಬೆಕ್ಕೊಂದರ ಕಿವಿ ಒರೆಸುತ್ತ ಕೂತಿದ್ದರು. ನಾನು ಅಂಕಿಗಳನ್ನು ಹೇಳಿದೆ. ಆದಷ್ಟು ಮೆತ್ತಗೆ ಹೇಳಿದೆ.

"ಹೌದಮ್ಮ, ನಮ್ಮಲ್ಲಿ ಜಾಸ್ತಿ ಸಾಯ್ತವೆ," ಎಂದರು. ನಾನು ಇನ್ನೇನಾದರೂ ಕೇಳುತ್ತೇನೇನೋ ಎಂಬಂತೆ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ, "ಚಹಾ ಕುಡಿದು ಹೋಗಿ," ಎಂದರು. ಅವರು ಎದುರಾಡದೆ ಇದ್ದದ್ದನ್ನು ಒಪ್ಪಿಗೆ ಎಂದುಕೊಂಡು ನಾನು ಹಗುರಾದೆ. ಚಹಾವನ್ನೂ ಕುಡಿದೆ.

ಎರಡು ತಿಂಗಳಿಗೆ ಸಿಸ್ಟರ್ ಮನೆ ಮುಚ್ಚಿತು. ಇದ್ದ ಪ್ರಾಣಿಗಳಲ್ಲಿ ಕೆಲವನ್ನು ಪರಿಚಯದವರು ಒಯ್ದರು, ಮಿಕ್ಕವು ಏನಾದವು ಎಂದು ನಾನು ಕೇಳಲಿಲ್ಲ. ಸಿಸ್ಟರ್ ಹತ್ತಿರದಲ್ಲೇ ಒಂದು ಮಹಡಿಯ ಕೋಣೆಗೆ ಹೋದರು. ಆ ಮನೆಯೊಡೆಯ ಪ್ರಾಣಿಗಳನ್ನು ಒಳಗೆ ಬಿಡುವವನಲ್ಲ. ವಿಷಯ ತಿಳಿಯದವರು ಗಾಯಗೊಂಡ ನಾಯಿಯನ್ನೋ ಬೆಕ್ಕನ್ನೋ ಎತ್ತಿಕೊಂಡು ಬಂದು, ಗೋದಾಮಿಗೆ ಬೀಗ ಬಿದ್ದದ್ದು ಕಂಡು, ಭಾವನ ಅಂಗಡಿಯಲ್ಲಿ ದಾರಿ ಕೇಳುತ್ತಿದ್ದರು. ಭಾವ ಅವರನ್ನು ದೊಡ್ಡಾಸ್ಪತ್ರೆಗೆ ಕಳಿಸುತ್ತಿದ್ದರು.

ಹಣ ಕೊಟ್ಟ ಏಳನೆಯ ತಿಂಗಳಲ್ಲಿ ಮ್ಯಾನೇಜರ್ ಊಟ ಬಿಟ್ಟ. ಅವನಿಗಾಗ ಹದಿಮೂರು ವರ್ಷ. ಎರಡು ದಿನ ಬರಿಯ ವಾಂತಿ, ಮೂರನೆಯ ದಿನ ಹೊಸ್ತಿಲಿನಿಂದ ಏಳಲಿಲ್ಲ. ಶನಿವಾರ ಬೆಳಿಗ್ಗೆ ಭಾವ ಅಂಗಡಿ ಮುಚ್ಚಿದರು. ಅವನನ್ನು ಹೊದಿಕೆಯಲ್ಲಿ ಸುತ್ತಿ ಇಬ್ಬರೂ ಆಟೋದಲ್ಲಿ ದೊಡ್ಡಾಸ್ಪತ್ರೆಗೆ ಹೋದೆವು.

"ನೋಡು, ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು," ದಾರಿಯಲ್ಲಿ ಭಾವ ಹೇಳಿದರು. "ಅವಳೇ ದುಡ್ಡು ಕೊಟ್ಟ ಜಾಗ. ಇವನನ್ನ ಚೆನ್ನಾಗೇ ನೋಡ್ಕೋತಾರೆ." ನನಗೆ ಸಮಾಧಾನವಾಗಲೆಂದು ಹೇಳಿದ ಮಾತು ಅದು.

ಅಲ್ಲಿಯ ವೈದ್ಯರು ಚಿಕ್ಕ ವಯಸ್ಸಿನವರು. ರಕ್ತ ಪರೀಕ್ಷಿಸಿ, ಹೊಟ್ಟೆ ಮುಟ್ಟಿ ನೋಡಿ, ಸಣ್ಣ ದನಿಯಲ್ಲಿ ಹೇಳಿದರು. "ಎರಡೂ ಕಿಡ್ನಿ ಹೋಗಿವೆ. ಸೇರಿಸ್ಕೊಳ್ಳೋಕೆ ಆಗಲ್ಲ, ಸರ್. ಇವನಿಗೆ ಒಂದು ಹಾಸಿಗೆ ಕೊಟ್ರೆ ಒಂದು ವಾರ ಹೋಗುತ್ತೆ, ಇವನೂ ಉಳಿಯಲ್ಲ. ಅಷ್ಟ್ರಲ್ಲಿ ಎರಡು ಮರಿ ಉಳಿಸಬಹುದು. ನೀವೇ ಹೇಳಿ."

ಭಾವ ನನ್ನ ಕಡೆ ತಿರುಗಿದರು. ವೈದ್ಯರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನೇ ಭಾವನಿಗೆ ಹೇಳಿದ ಮಾತೇ ಅದು.

ನೋವಿನ ಮಾತ್ರೆ ಬರೆದು ಕೊಟ್ಟರು. ಹೊರಗೆ ಮೇಜಿನ ಹಿಂದಿದ್ದ ಹುಡುಗಿ ದಪ್ಪನೆಯ ಒಂದು ಪುಸ್ತಕ ತೆರೆದು ಬರೆಯತೊಡಗಿದಳು.

"ದಾಖಲಾತಿ ಪುಸ್ತಕ ಇದಾ?" ಎಂದು ಕೇಳಿದೆ.

"ಇಲ್ಲ ಮೇಡಂ, ಅದು ಒಳಗಿದೆ. ಇದು ಸೇರಿಸ್ಕೊಳ್ಳದೇ ಇರೋವು."

ಪುಸ್ತಕವನ್ನು ನನ್ನ ಕಡೆ ತಿರುಗಿಸಿಕೊಂಡೆ. ಅವಳು ಬೇಡವೆನ್ನಲಿಲ್ಲ. ತಾರೀಖು, ಪ್ರಾಣಿ, ಕಾಯಿಲೆ, ಎಲ್ಲಿಗೆ ಕಳಿಸಿದ್ದು. ಆ ತಿಂಗಳೊಂದರಲ್ಲೇ ಎರಡು ಪುಟ ತುಂಬಿದ್ದವು. ಕೊನೆಯ ಅಂಕಣದಲ್ಲಿ ಬರಿಯ ಗೆರೆ ಎಳೆದಿತ್ತು, ಮೇಲಿನಿಂದ ಕೆಳಗಿನವರೆಗೆ. ಹಿಂದಿನ ತಿಂಗಳೂ ಗೆರೆ, ಅದರ ಹಿಂದಿನದೂ ಗೆರೆ. ಪುಟಗಳನ್ನು ಹಿಂದಕ್ಕೆ ಮಗುಚಿದೆ. ಐದು ತಿಂಗಳ ಹಿಂದಕ್ಕೆ ಹೋದಾಗ ಗೆರೆಗಳು ನಿಂತು ಅಕ್ಷರ ಶುರುವಾಯಿತು. ಸಿಸ್ಟರ್ ಮನೆ. ಸಿಸ್ಟರ್ ಮನೆ. ಸಿಸ್ಟರ್ ಮನೆ. ಒಂದೇ ಕೈಬರಹದಲ್ಲಿ, ಸಾಲಿನ ಕೆಳಗೆ ಸಾಲು.

"ಮೊದಲು ಇಂಥವನ್ನೆಲ್ಲ ಅಲ್ಲಿಗೇ ಕಳಿಸ್ತಿದ್ವಿ ಮೇಡಂ," ಹುಡುಗಿ ಹೇಳಿದಳು. "ಪಾಪ, ಅವರು ಇಲ್ಲ ಅಂತಿರ್ಲಿಲ್ಲ. ಈಗ ಮುಚ್ಚಿದೆಯಂತೆ."

ನಮ್ಮ ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದವರಿಗೆ ಮೊದಲ ದಿನ ನಾನು ಹೇಳಿಕೊಡುವುದು ಒಂದೇ. ಬಾಟಲಿಯ ನೀರನ್ನು ಪರೀಕ್ಷಿಸುವ ಮೊದಲು ಅದನ್ನು ಎಲ್ಲಿ ತುಂಬಿದರು ಎಂದು ಕೇಳಿ. ನೀರು ಶುದ್ಧ ಮಾಡುವ ಘಟಕದ ಬಾಗಿಲಲ್ಲೇ ತುಂಬಿ ತಂದ ಬಾಟಲಿ, ಕೊಳವೆಯ ಕೊನೆಯ ಮನೆಯವರು ಏನು ಕುಡಿಯುತ್ತಿದ್ದಾರೆ ಎಂದು ಹೇಳುವುದಿಲ್ಲ. ನನ್ನ ಹದಿನಾಲ್ಕು ಪ್ರಶ್ನೆಗಳಲ್ಲಿ ಅದೊಂದೇ ಇರಲಿಲ್ಲ. ಯಾವುದನ್ನು ಸೇರಿಸಿಕೊಳ್ಳುತ್ತೀರಿ, ಯಾವುದನ್ನು ಬಾಗಿಲಿನಿಂದಲೇ ವಾಪಸ್ ಕಳಿಸುತ್ತೀರಿ ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಇವರ ನೂರಕ್ಕೆ ಆರು ಆಗಿದ್ದೇ ಅವರ ನೂರಕ್ಕೆ ನಲವತ್ತೊಂದರಿಂದ. ಸಾಯಲಿರುವವನ್ನು ಒಬ್ಬರು ತೆಗೆದುಕೊಳ್ಳುತ್ತಿದ್ದ ಕಾರಣಕ್ಕೆ ಇನ್ನೊಬ್ಬರ ಬಳಿ ಬದುಕುವವು ಮಾತ್ರ ಉಳಿಯುತ್ತಿದ್ದವು. ನಾನು ಆ ಒಬ್ಬರನ್ನು ತೆಗೆದುಹಾಕಿದ್ದೆ.

ವಾಪಸ್ ಬರುವಾಗ ಆಟೋದಲ್ಲಿ ಭಾವನಿಗೆ ಎಲ್ಲವನ್ನೂ ಹೇಳಿದೆ. ಮ್ಯಾನೇಜರ್ ತಲೆ ಅವರ ತೊಡೆಯ ಮೇಲಿತ್ತು. ಅವರು ಬಯ್ಯಲಿ ಎಂದು ಕಾದೆ. "ಮೊದಲು ಸಿಸ್ಟರ್ ಹತ್ರ ಹೋಗೋಣ," ಎಂದಷ್ಟೇ ಹೇಳಿದರು.

ಸಿಸ್ಟರ್ ಚಪ್ಪಲಿ ಮೆಟ್ಟಿಕೊಂಡು ನಮ್ಮ ಜೊತೆಗೇ ಬಂದರು. ಹತ್ತಿಯನ್ನು ನೀರಿನಲ್ಲಿ ಅದ್ದಿ ಅವನ ಒಸಡು ಒರೆಸುವುದು ಹೇಗೆ, ಚರ್ಮ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸುವುದು ಹೇಗೆ ಎಂದು ತೋರಿಸಿಕೊಟ್ಟರು. "ಊಟ ಊಟ ಅಂತ ಬಲವಂತ ಮಾಡ್ಬೇಡಿ ಅಣ್ಣ. ನೀವು ಮಾತಾಡ್ತಾ ಇರಿ, ದನಿ ಕೇಳ್ಲಿ ಅವನಿಗೆ. ಕಿವಿ ಕೊನೇವರೆಗೂ ಇರುತ್ತೆ."

"ಏನ್ ಮಾತಾಡ್ಲಿ ಸಿಸ್ಟರ್?"

"ದಿನಾ ಏನ್ ಮಾತಾಡ್ತಿದ್ರಿ?"

"ದಿನಾ ಬಯ್ತಿದ್ದೆ."

"ಹಾಗಾದ್ರೆ ಬಯ್ರಿ."

ಭಾವ ಕೆಲಸದ ಮೇಜನ್ನು ಅವನ ಪಕ್ಕಕ್ಕೆ ಎಳೆದುಕೊಂಡು, ರಿಪೇರಿ ಮಾಡುತ್ತಲೇ ಬಯ್ಯತೊಡಗಿದರು. "ಹದಿಮೂರು ವರ್ಷ ಸರ್ವಿಸು, ಒಂದು ದಿನ ಕೆಲಸ ಮಾಡಿದ್ದು ನೋಡ್ಲಿಲ್ಲ. ಈಗ ರಜಾ ಬೇರೆ ಕೇಳ್ತೀಯಾ? ಕೊಡಲ್ಲ, ಹೋಗು." ನಡುನಡುವೆ ನಿಲ್ಲಿಸಿ, ಕೈಯಲ್ಲಿದ್ದ ಗಡಿಯಾರದ ಮೇಲಿನ ಧೂಳು ಊದಿ, ಮತ್ತೆ ಶುರು ಮಾಡುತ್ತಿದ್ದರು.

ನಾನು ಸಿಸ್ಟರ್ ಅವರನ್ನು ಹಿಂದಿನ ಕೋಣೆಗೆ ಕರೆದೆ. "ಅವತ್ತೇ ಯಾಕೆ ಹೇಳ್ಲಿಲ್ಲ? ದೊಡ್ಡಾಸ್ಪತ್ರೆಯವರು ಕೈಬಿಟ್ಟಿದ್ದೇ ನಿಮ್ಮ ಹತ್ರ ಬರ್ತಿತ್ತು ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು."

"ಎಷ್ಟು ಸತ್ತವು ಅಂತ ಕೇಳಿದ್ರಿ. ಸತ್ತಿದ್ದು ನಿಜ ಅಲ್ವಾ?" ಹತ್ತಿಯನ್ನು ಉಂಡೆ ಮಾಡುತ್ತ ಅವರು ಹೇಳಿದರು. ಉಂಡೆಯನ್ನು ಪಕ್ಕಕ್ಕಿಟ್ಟು ಮತ್ತೆ ಹೇಳಿದರು, "ಹೇಳಬೇಕಿತ್ತಮ್ಮ, ನಂದೂ ತಪ್ಪೇ. ನಿಮ್ಮಕ್ಕ ಹೋಗಿ ಇನ್ನೂ ಹೆಚ್ಚು ದಿನ ಆಗಿರ್ಲಿಲ್ಲ. ಅವಳ ದುಡ್ಡಿಗೆ ನಾನು ವಾದ ಮಾಡಿದ ಹಾಗಾಗುತ್ತೆ ಅನ್ನಿಸ್ತು."

"ಈಗ ಮತ್ತೆ ಶುರು ಮಾಡೋಕಾಗಲ್ವಾ? ನಾನು ಎಲ್ಲಿಂದಾದ್ರೂ ಹೊಂದಿಸ್ತೀನಿ."

"ಆ ಜಾಗ ಕೆಡವಿದ್ರಲ್ಲ, ನೋಡಿಲ್ವಾ? ನನಗೂ ಅರವತ್ತೊಂಬತ್ತಾಯ್ತು. ಒಂದು ಸಲ ನಿಂತ ಕಾಲು ಮತ್ತೆ ಓಡಲ್ಲಮ್ಮ."

ಮ್ಯಾನೇಜರ್ ಸೋಮವಾರ ಹನ್ನೊಂದು ಗಂಟೆಯ ಹೊತ್ತಿಗೆ ಹೋದ. ನಾನು ರಜೆ ಹಾಕಿ ಅಲ್ಲೇ ಇದ್ದೆ. ಗಿರಾಕಿಯೊಬ್ಬ ಗಡಿಯಾರಕ್ಕೆ ಪಟ್ಟಿ ಹಾಕಿಸುತ್ತಿದ್ದ. ಭಾವ ಅವನನ್ನು ಕಳಿಸಿ ತಿರುಗಿ ನೋಡಿದಾಗ ಉಸಿರಿರಲಿಲ್ಲ. ಮಧ್ಯಾಹ್ನ ಹಿತ್ತಲಲ್ಲಿ ಗುಂಡಿ ತೋಡಿ ಮಣ್ಣು ಮಾಡಿದೆವು. ಕೈ ತೊಳೆದು ಬಂದು ಅಂಗಡಿಯಲ್ಲಿ ಕೂತೆವು.

"ನಾನು ತಪ್ಪು ಮಾಡಿದೆ, ಭಾವ."

"ಹೂಂ." ಮಸೂರವನ್ನು ಒರೆಸಿ ಮೇಜಿನ ಮೇಲಿಟ್ಟರು. "ಅವಳು ಇದ್ದಿದ್ರೂ ನಿನ್ನ ಮಾತೇ ಕೇಳ್ತಿದ್ಲು. ನನ್ನ ಮಾತು ಕೇಳ್ತಿರ್ಲಿಲ್ಲ. ಅದನ್ನ ನೆನೆಸ್ಕೊಂಡ್ರೆ ನಿನ್ನ ಮೇಲೆ ಸಿಟ್ಟೂ ಬರಲ್ಲ ನೋಡು."

ಆಗ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಳು. ಬೆವೆತಿದ್ದಳು. ಎರಡೂ ಕೈಯಲ್ಲಿ ಒಂದು ರಟ್ಟಿನ ಡಬ್ಬಿ. ಅದರೊಳಗೆ ಹರಿದ ಟವೆಲ್ಲಿನ ಮೇಲೆ ಬೂದು ಬಣ್ಣದ ಮುದಿ ಬೆಕ್ಕು, ಬಾಯಿ ತೆರೆದು ಉಸಿರಾಡುತ್ತಿತ್ತು.

"ಇಲ್ಲೇ ಎಲ್ಲೋ ಸಿಸ್ಟರ್ ಮನೆ ಅಂತ ಇದೆಯಲ್ಲ, ಯಾವ ಬೀದಿ?"

"ಅದು ಮುಚ್ಚಿದೆ," ಎಂದೆ.

"ಅಯ್ಯೋ. ದೊಡ್ಡಾಸ್ಪತ್ರೇಲಿ ಆಗಲ್ಲ ಅಂದ್ರು. ಹಾಗಾದ್ರೆ ಇದನ್ನ ಎಲ್ಲಿಗೆ ತಗೊಂಡ್ಹೋಗ್ಲಿ?"

ಈ ಊರಿನ ಐದು ಸಂಸ್ಥೆಗಳ ವಿಳಾಸ, ಫೋನ್ ನಂಬರು, ಅವುಗಳ ಕೆಲಸದ ವೇಳೆ ನನಗೆ ಬಾಯಿಪಾಠವಾಗಿದ್ದವು. ಅವಳು ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಭಾವ ಎದ್ದು, ತಾವು ಕೂತಿದ್ದ ಸ್ಟೂಲನ್ನು ಅವಳ ಕಡೆ ಸರಿಸಿ, ಡಬ್ಬಿಗೆ ಕೈ ಚಾಚಿದರು.