ದುಭಾಷಿ ಮಾವನ ಕ್ರಿಯಾಪದಗಳು

ಯಾರು ಏನು ಕೇಳಿದರೂ ಮಾವ ತಟ್ಟನೆ ಉತ್ತರ ಕೊಟ್ಟವರಲ್ಲ. ಮೊದಲು ಕಣ್ಣು ಅರೆಮುಚ್ಚುತ್ತಿದ್ದರು, ಆಮೇಲೆ ಕೆಳದುಟಿ ಸಣ್ಣಗೆ ಅಲುಗುತ್ತಿತ್ತು, ಕೇಳಿದ ಮಾತು ಒಳಗೆಲ್ಲೋ ಇನ್ನೊಂದು ಭಾಷೆಗೆ ಹೋಗಿ ಮರಳಿ ಬಂದ ಮೇಲಷ್ಟೇ ಬಾಯಿ ತೆರೆಯುತ್ತಿದ್ದರು. ‘ಚಹಾ ಕುಡೀತೀರಾ?’ ಎಂಬ ಪ್ರಶ್ನೆಗೂ ಇದೇ ಮರ್ಯಾದೆ. ಹೊಸದಾಗಿ ಬಂದ ಸೊಸೆ, ಪಾಪ, ಇವರಿಗೆ ಕಿವಿ ಮಂದವಿರಬೇಕೆಂದು ಒಂದಷ್ಟು ದಿನ ಗಂಟಲು ಹರಿದುಕೊಂಡು ಮಾತಾಡಿದಳು. ಕೊನೆಗೆ ಅತ್ತೆಯೇ ಗುಟ್ಟು ಬಿಟ್ಟುಕೊಟ್ಟರು: ‘ಕೂಗ್ಬೇಡ ಕಣೆ, ಕಿವಿ ಗಟ್ಟಿಯಾಗೇ ಇದೆ. ಆಯಸ್ಸೆಲ್ಲ ಕೋರ್ಟಲ್ಲಿ ದುಭಾಷಿಯಾಗಿದ್ರಲ್ಲ, ಅದರ ಚಾಳಿ ಅದು.’

ಸಾಕ್ಷಿಕಟ್ಟೆಯ ಪಕ್ಕದಲ್ಲಿ ನಿಂತು ಸಾಕ್ಷಿಯ ಮಾತನ್ನು ನ್ಯಾಯಾಧೀಶರಿಗೆ ಇಂಗ್ಲಿಷಿನಲ್ಲಿಯೂ ನ್ಯಾಯಾಧೀಶರ ಮಾತನ್ನು ಸಾಕ್ಷಿಗೆ ನಮ್ಮ ಮಾತಿನಲ್ಲಿಯೂ ದಾಟಿಸುವುದು ಅವರ ಉದ್ಯೋಗವಾಗಿತ್ತು. ಸಾಕ್ಷಿ ‘ನಾನು’ ಎಂದರೆ ದುಭಾಷಿಯೂ ‘ನಾನು’ ಎಂದೇ ಹೇಳಬೇಕು. ನಿವೃತ್ತಿಯ ಪತ್ರ ಕೈಗೆ ಬಂದರೂ ಈ ಅಭ್ಯಾಸ ನಿವೃತ್ತವಾಗಲಿಲ್ಲ. ಒಮ್ಮೆ ಪಕ್ಕದ ಮನೆಯಾಕೆ ಬಾಗಿಲಿಗೆ ಬಂದಾಗ ಅಡುಗೆಮನೆಯಿಂದ ಅತ್ತೆ, ‘ನನಗೆ ಸೊಂಟ ಹಿಡ್ಕೊಂಡಿದೆ, ಆಮೇಲೆ ಬರೋಕೆ ಹೇಳಿ’ ಎಂದರು. ಮಾವ ಬಾಗಿಲಲ್ಲಿ ನಿಂತು ಗಂಭೀರವಾಗಿ, ‘ನನಗೆ ಸೊಂಟ ಹಿಡ್ಕೊಂಡಿದೆ, ಆಮೇಲೆ ಬನ್ನಿ’ ಎಂದು ದಾಟಿಸಿದರು. ಆಕೆ ಸಂಜೆ ಮಾವನ ಸೊಂಟಕ್ಕೆಂದು ಮುಲಾಮು ತಂದುಕೊಟ್ಟು ಹೋದಳು, ಮನೆಮಂದಿಯೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ನಡೆಯುವಾಗಲೂ ಅಷ್ಟೆ, ಪಕ್ಕದಲ್ಲಿ ಯಾರೋ ಪಿಸುಗುಟ್ಟುತ್ತಿದ್ದಾರೆಂಬಂತೆ ಎಡಕ್ಕೆ ವಾಲಿಕೊಂಡೇ ನಡೆಯುತ್ತಿದ್ದರು.

ಸೊಸೆಗೆ ಇಂಗ್ಲಿಷ್ ಕಲಿಸುವ ಹೊತ್ತಿಗೆ ಮಾತ್ರ ಅವರು ಮೊಣಕೈಗೆ ತೇಪೆ ಹಾಕಿದ ಕಪ್ಪು ಕೋಟು ತೊಟ್ಟು ಕೂರುತ್ತಿದ್ದರು. ಕಲಿಸಿರೆಂದು ಅವರನ್ನು ಯಾರೂ ಕೇಳಿರಲಿಲ್ಲ. ಪಾತ್ರೆ ತೊಳೆಯುತ್ತ ರೇಡಿಯೋದ ಇಂಗ್ಲಿಷ್ ವಾರ್ತೆಗೆ ಅವಳ ತುಟಿ ಅಲುಗುವುದನ್ನು ಅವರೊಬ್ಬರೇ ಗಮನಿಸಿದ್ದರು. ನಾಮಪದ ಯಾರು ಬೇಕಾದರೂ ಕಲಿತಾರು, ಮನುಷ್ಯ ಸಿಕ್ಕಿಬೀಳುವುದು ಕ್ರಿಯಾಪದದಲ್ಲಿ ಎಂಬುದು ಅವರ ಸಿದ್ಧಾಂತ. ಹಳೆಯ ತೀರ್ಪುಗಳಿಂದ ವಾರಕ್ಕೊಂದು ಘನವಾದ ಕ್ರಿಯಾಪದ ಹೆಕ್ಕಿ ತೆಗೆದು, ಅರ್ಥ ಹೇಳಿ, ‘ಹೋಗು, ಈ ಮನೇಲಿ ಈ ಕೆಲಸ ಯಾರು ಮಾಡ್ತಾರೆ ಹುಡುಕ್ಕೊಂಡು ಬಾ. ಸಿಗೋವರೆಗೂ ವಾಕ್ಯ ಮಾಡೋ ಹಾಗಿಲ್ಲ’ ಎನ್ನುತ್ತಿದ್ದರು. ‘ಪ್ರೊಕ್ರಾಸ್ಟಿನೇಟ್’ ಬಂದ ದಿನ ಅವಳು ಹುಡುಕಬೇಕಾಗಿಯೇ ಇರಲಿಲ್ಲ, ಬಚ್ಚಲಿನ ನಲ್ಲಿ ರಿಪೇರಿಯನ್ನು ನಾಳೆ ನಾಳೆ ಎನ್ನುತ್ತಿದ್ದ ಗಂಡ ಎದುರಿಗೇ ಕಾಲು ಚಾಚಿ ಕೂತಿದ್ದ. ‘ಕಾನ್ಫಿಸ್ಕೇಟ್’ ಅತ್ತೆಗೆ ಹೋಯಿತು; ಸೊಸೆಯ ಪುಟ್ಟ ಮಗಳಿಂದ ಅವರು ಕಿತ್ತುಕೊಂಡ ಚೆಂಡು ಆಗಷ್ಟೇ ಬೀರು ಸೇರಿತ್ತು. ಹೀಗೆ ಆ ಮನೆಯಲ್ಲಿ ಪ್ರತಿಯೊಬ್ಬರ ಮೇಲೂ ಒಂದೆರಡು ಇಂಗ್ಲಿಷ್ ಆರೋಪಗಳಿದ್ದವು.

ಅವಳ ಇಂಗ್ಲಿಷ್ ಹೀಗೆ ಕುದುರಿಕೊಂಡ ಸುದ್ದಿ ಬಾಯಿಂದ ಬಾಯಿಗೆ ಹರಡಿ ಊರಿನ ದೊಡ್ಡ ಆಸ್ಪತ್ರೆಯಿಂದ ಕರೆ ಬಂತು. ಪರಭಾಷೆಯ ವೈದ್ಯರಿಗೂ ನಮ್ಮ ಮಾತಿನ ರೋಗಿಗಳಿಗೂ ನಡುವೆ ನಿಲ್ಲುವ ದುಭಾಷಿಯ ಕೆಲಸ. ತಿಂಗಳು ಮುಗಿಯುವುದರೊಳಗೆ ಒಪ್ಪಿಗೆ ತಿಳಿಸಬೇಕಿತ್ತು. ಊಟದ ನಂತರ ಮನೆಯವರೆಲ್ಲ ಕೂತು ಚರ್ಚಿಸಿದರು. ಮಗು ಚಿಕ್ಕದು ಎಂದ ಗಂಡ. ನನಗೆ ಮೊಣಕಾಲು ನೋವು ಎಂದರು ಅತ್ತೆ. ಮುಂದಿನ ವರ್ಷ ನೋಡಿದರಾಯಿತು ಎಂದು ಮಾತು ತಾನಾಗಿಯೇ ಇಳಿಜಾರಿಗೆ ಬಂತು. ಮೂಲೆಯಲ್ಲಿ ಬೀನ್ಸಿನ ನಾರು ಬಿಡಿಸುತ್ತಿದ್ದ ಅವಳು ತುಟಿಪಿಟಕ್ಕೆನ್ನಲಿಲ್ಲ. ‘ಸರಿ, ಅವಳೂ ಒಪ್ಪಿದಾಳಲ್ಲ’ ಎಂದು ಮಾವ ಎದ್ದು ಮಲಗಲು ಹೋದರು. ಆ ರಾತ್ರಿ ಅವಳಿಗೆ ಅಳು ಕೂಡ ಬರಲಿಲ್ಲ.

ಮುಂದಿನ ಪಾಠಕ್ಕೆ ಬಂದ ಪದ ‘ಅಕ್ವಿಯೆಸ್’. ಮಾವ ಬೇಕೆಂದೇ ಆರಿಸಿದ್ದಲ್ಲ, ಯಾವುದೋ ಜಮೀನಿನ ತೀರ್ಪಿನಲ್ಲಿ ಸಿಕ್ಕಿತ್ತು. ‘ಇದು ಸಂತೆಯ ಮಾತಲ್ಲ ಕಣಮ್ಮ, ಕೋಟು ಹಾಕ್ಕೊಂಡಿರೋ ಮಾತು’ ಎಂದು ಪೀಠಿಕೆ ಹಾಕಿ ಅರ್ಥ ಬಿಡಿಸಿದರು: ಮನಸ್ಸಿನಲ್ಲಿ ಒಪ್ಪಿಗೆಯಿಲ್ಲ, ಆದರೂ ವಿರೋಧಿಸುವುದಿಲ್ಲ, ಆದದ್ದಾಗಲೆಂದು ತಲೆಬಾಗುವುದು. ಮನಸಾರೆ ಹೂಂ ಎಂದವರಿಗೆ ಈ ಪದ ಬಳಸಬಾರದು. ‘ಹೋಗು, ಹುಡುಕು.’

ಅವಳು ಏಳಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತೇ ಇದ್ದಳು.

‘ಹುಡುಕೋದೇನೂ ಇಲ್ಲ ಮಾವ. ಈ ಮನೇಲಿ ಆ ಕೆಲಸ ಮಾಡೋಳು ನಾನು.’

ಮಾವನ ಕಣ್ಣು ಅರೆಮುಚ್ಚಿತು, ತುಟಿ ಅಲುಗಿತು. ಈ ಸಲ ಆ ವಾಕ್ಯ ಹೋದ ದಾರಿ ಬಹಳ ದೂರದ್ದಿರಬೇಕು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಳ್ಳುವುದನ್ನು ಮರೆತರು.

‘ಆಸ್ಪತ್ರೆ ಕೆಲಸದ ವಿಷಯವೇ?’

‘ಹೂಂ.’

‘ಕೋರ್ಟಲ್ಲಿ ಸಾಕ್ಷಿ ಸುಮ್ಮನಿದ್ರೆ, ಸುಮ್ಮನಿದಾರೆ ಸ್ವಾಮಿ ಅಂತ ಅಷ್ಟೇ ಹೇಳ್ತಿದ್ದೆ. ಅದಕ್ಕೆ ನಾನಾಗಿ ಅರ್ಥ ಕಟ್ಟಿದೋನಲ್ಲ. ಮನೇಲಿ ಮಾತ್ರ ನಿನ್ನ ಮೌನಾನ ಒಪ್ಪಿಗೆ ಅಂತ ಅನುವಾದ ಮಾಡಿಬಿಟ್ಟೆ. ತಪ್ಪಾಯ್ತಮ್ಮ.’

ಹಾಗೆಂದವರೇ ಕೋಟಿನಲ್ಲಿಯೇ ಹೊರಗೆ ಬಂದು, ಎಲ್ಲರನ್ನೂ ಕೂಗಿ ಕರೆದು, ‘ಅವತ್ತು ಅವಳನ್ನ ಕೇಳೋದೇ ಬಿಟ್ಟುಹೋಗಿತ್ತು. ಈಗ ಕೇಳೋಣ’ ಎಂದು ತಾವು ಮಾತ್ರ ಬಾಯಿ ಮುಚ್ಚಿ ಕೂತರು. ಅವಳ ಪರವಾಗಿ ಒಂದಕ್ಷರ ದಾಟಿಸಲಿಲ್ಲ. ಅವಳೇ ಹೇಳಬೇಕಾಯಿತು. ‘ನಾನು ಹೋಗ್ಬೇಕು, ನನಗೆ ತುಂಬಾ ಆಸೆಯಿದೆ’ ಎಂದಳು. ವಾಕ್ಯ ಪೂರ್ತಿಯಾಯಿತು.

ಗಂಡ ತಲೆ ಕೆರೆದುಕೊಂಡು, ‘ಮಗೂನ ಬೆಳಗ್ಗೆ ನಾನು ನೋಡ್ಕೋತೀನಿ, ನಾಳೆಯಿಂದಲೇ’ ಎಂದ. ಆ ‘ನಾಳೆ’ಗೆ ಯಾರಿಗೂ ನಗದೇ ಇರಲಾಗಲಿಲ್ಲ. ಅತ್ತೆ ಮಾತ್ರ ಮೂಗು ಮುರಿದರು: ‘ಇಷ್ಟು ಬಾಯಿಬಿಟ್ಟು ಹೇಳೋಕೆ ಇಂಗ್ಲಿಷ್ ಬೇಕಾಯ್ತೇನೇ ನಿನಗೆ? ನೋವಿರೋದು ನನ್ನ ಮೊಣಕಾಲಿಗೆ, ಕೈ ಆಡುತ್ತೆ. ಹೋಗ್ಬಾ.’

ಈಗ ಅವಳು ಆಸ್ಪತ್ರೆಯ ವಾರ್ಡುಗಳಲ್ಲಿ ರೋಗಿಗಳ ಮಂಚದ ಪಕ್ಕ ನಿಲ್ಲುತ್ತಾಳೆ. ವೈದ್ಯರು ಕೇಳಿದ ಪ್ರಶ್ನೆಗೆ ರೋಗಿ ಸುಮ್ಮನಾದರೆ ಇನ್ನೊಮ್ಮೆ ಕೇಳುತ್ತಾಳೆ, ಬೇರೆ ಮಾತಿನಲ್ಲಿ ಕೇಳುತ್ತಾಳೆ, ಅವಸರ ಮಾಡುವ ವೈದ್ಯರನ್ನು ಕೈಸನ್ನೆಯಿಂದ ತಡೆಯುತ್ತಾಳೆ. ಯಾರಾದರೂ ಹೊಗಳಿದರೆ ಅವಳಿಗೆ ಮೊದಲು ನೆನಪಾಗುವುದು ಮಾವ, ಕಣ್ಣು ತುಂಬಿ ಬರುತ್ತದೆ. ತಾನು ಈ ಋಣ ತೀರಿಸುವ ಬಗೆ ತಿಳಿಯದೆಂದು ಗಂಡನೊಡನೆ ಎಷ್ಟೋ ಸಲ ಹೇಳಿಕೊಂಡಿದ್ದಾಳೆ.

ಮಾತು ಕಲಿಸುವವರಿಗೆ ಲೋಕದಲ್ಲಿ ಬರವಿಲ್ಲ. ತಾವು ಕಲಿಸಿದ ಮಾತು ತಿರುಗಿ ತಮ್ಮತ್ತಲೇ ಬೊಟ್ಟು ಮಾಡಿದಾಗ ಸಿಡುಕದೆ, ದೊಡ್ಡಸ್ತಿಕೆ ಅಡ್ಡ ಬಾರದಂತೆ, ಮೊದಲು ಕೇಳದೇ ಬಿಟ್ಟದ್ದನ್ನು ಮತ್ತೆ ಕೂತು ಕೇಳುವ ಹಿರಿಯರು ಮಾತ್ರ ಎಲ್ಲೋ ಕೆಲವರು. ಅಂಥವರಿರುವ ಮನೆಯಲ್ಲಿ ಕಿರಿಯರಿಗೆ ಧೈರ್ಯ ಬೇಕಾಗುವುದಿಲ್ಲ, ಮಾತು ಬಂದರೆ ಸಾಕು.